ಚಂದ್ರೋದಯವಿಲ್ಲದ ಹಾಳೆ

ಮುಳಬಾಗಿಲಿನ ಸೋದರಮಾವನ ಮನೆಯ ತಾರಸಿಯಲ್ಲಿ ಅತ್ತೆ ಉಪವಾಸದ ಹೊಟ್ಟೆ ಹೊತ್ತು ಕೂತಿದ್ದು, ಎದುರಿಗೆ ಊಟದ ತಟ್ಟೆಯಷ್ಟು ದೊಡ್ಡ ಚಂದ್ರ ಬಂದು ನಿಂತಿದ್ದು, ಕೆಳಗಿನಿಂದ ಮಾವ "ಇನ್ನೂ ಹುಟ್ಟಿಲ್ಲ ಕಣೇ" ಎಂದು ಕೂಗಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ತೊಂದರೆ ಏನೆಂದರೆ, ನಾನು ಅಲ್ಲಿರಲಿಲ್ಲ. ಡೈರಿ ತೆಗೆದು ನೋಡಿದರೆ ಆ ದಿನ ನಾನು ಕೋಲಾರದಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಮರುದಿನ ಬೆಳಿಗ್ಗೆ ಅತ್ತೆ ಹೇಳಿದ್ದನ್ನು ಕೇಳಿ, ಚಂದ್ರನನ್ನೂ ತಾರಸಿಯನ್ನೂ ನಾನೇ ಕಟ್ಟಿಕೊಂಡಿರಬೇಕು. ಆದರೆ ತಪ್ಪು ಮಾತ್ರ ನನ್ನದೇ. ಅದಕ್ಕೆ ಬರವಣಿಗೆಯ ಸಾಕ್ಷಿ ಇದೆ.

ಮಾವ ಪುರೋಹಿತರು. ಪ್ರತಿ ಯುಗಾದಿಗೆ ಒಂದು ಹಾಳೆ ಹಂಚುತ್ತಾರೆ. ವರ್ಷದ ಸಂಕಷ್ಟಿಗಳು ಯಾವ ದಿನ, ಅವತ್ತು ಮುಳಬಾಗಿಲಿನಲ್ಲಿ ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ, ಇಷ್ಟೇ ಅದರಲ್ಲಿರುವುದು. ಸಂಕಷ್ಟಿ ಮಾಡುವವರು ಚಂದ್ರ ಹುಟ್ಟಿದ ಮೇಲೆಯೇ ಊಟ ಮಾಡುವುದರಿಂದ ಆ ಹಾಳೆ ಕುರುಡುಮಲೆಯಿಂದ ತಾಯಲೂರಿನವರೆಗೆ ಎಷ್ಟೋ ಮನೆಗಳ ಅಡುಗೆಮನೆ ಬಾಗಿಲ ಹಿಂದೆ ಅಂಟಿಕೊಂಡಿರುತ್ತದೆ. ಅಂಗಡಿಯಲ್ಲಿ ಸಿಗುವ ಪಂಚಾಂಗದಲ್ಲಿ ಬೆಂಗಳೂರಿನ ಹೊತ್ತು ಇರುತ್ತದೆ. "ಬೆಂಗಳೂರಿನ ಚಂದ್ರ ಬೇರೆ, ನಮ್ಮ ಚಂದ್ರ ಬೇರೆ" ಎನ್ನುವುದು ಮಾವನ ವಾದ. ಇಬ್ಬರು ಚಂದ್ರರ ನಡುವೆ ಇರುವ ಅಂತರ ಮೂರು ನಿಮಿಷ. ಆ ಮೂರು ನಿಮಿಷವನ್ನು ಅವರು ಜೀವಮಾನವಿಡೀ ಕೈಯಲ್ಲೇ ಕಳೆದು ಬರೆದರು.

ಎರಡು ವರ್ಷದ ಹಿಂದೆ ಅವರ ಕಣ್ಣಿಗೆ ಪೊರೆ ಬಂತು. ನಾನು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು, ಪ್ರೋಗ್ರಾಂ ಬರೆಯುವ ಚಟ ಹಳೆಯದು. "ನಾನು ಮಾಡಿಕೊಡ್ತೀನಿ ಮಾವ" ಎಂದೆ. ಆ ಪುಟ್ಟ ಪ್ರೋಗ್ರಾಮನ್ನು ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಅಂತರ್ಜಾಲದಲ್ಲಿ ಮುಕ್ತವಾಗಿಯೂ ಇಟ್ಟೆ. ಬಳಸುವವರು ನಾನು ಮತ್ತು ಗುರುತಿಲ್ಲದ ಇನ್ನಿಬ್ಬರು. ಮೊದಲ ವರ್ಷ ಹಾಳೆ ಸರಿಯಾಗಿ ಬಂತು. ನಮ್ಮಕ್ಕನ ಮಗಳು ಮಾಡಿದ್ದು ಎಂದು ಮಾವ ಊರೆಲ್ಲಾ ಹೇಳಿಕೊಂಡು ಬಂದರು.

ಈ ವರ್ಷ ಯುಗಾದಿಗೆ ಮೊದಲು ನನ್ನ ಹಳೆಯ ಲ್ಯಾಪ್‌ಟಾಪ್ ಕೆಟ್ಟುಹೋಯಿತು. ಹೊಸದರಲ್ಲಿ ಪ್ರೋಗ್ರಾಮನ್ನು ಮೊದಲಿನಿಂದ ಕಟ್ಟಬೇಕಾಯಿತು. ಇಲ್ಲಿ ಒಂದು ವಿಷಯ ಹೇಳಬೇಕು. ಚಂದ್ರೋದಯದ ಲೆಕ್ಕ ನಾನು ಮಾಡಿದ್ದಲ್ಲ. ಯಾರೋ ಪುಣ್ಯಾತ್ಮರು ಬರೆದು ಎಲ್ಲರ ಉಪಯೋಗಕ್ಕೆ ಬಿಟ್ಟಿರುವ ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಮಿನ ತುಣುಕು, ಅದು. ನನ್ನ ಪ್ರೋಗ್ರಾಮಿನ ಜೊತೆ ಒಂದು ಪಟ್ಟಿ ಇರುತ್ತದೆ. ನನಗೆ ಇಂತಿಂಥವರ ಲೈಬ್ರರಿ ಬೇಕು ಎಂದು ಅದರಲ್ಲಿ ಬರೆದರೆ, ಕಂಪ್ಯೂಟರ್ ತಾನೇ ಹೋಗಿ ಇಳಿಸಿಕೊಂಡು ಬರುತ್ತದೆ. ತಂದಿತು, ಕಟ್ಟಿತು, ಒಂದು ದೂರೂ ಹೇಳಲಿಲ್ಲ. ಹಬ್ಬದ ಗಡಿಬಿಡಿಯಲ್ಲಿ ನಾನು ನೋಡಿದ್ದು ಗಣಪತಿಯ ಚಿತ್ರ ಸರಿಯಾಗಿ ಬಂದಿದೆಯೇ, ಮಾವನ ಹೆಸರು ದಪ್ಪಕ್ಷರದಲ್ಲಿದೆಯೇ ಎಂದು ಮಾತ್ರ. ಕೆಳಗಿನ ಅಂಕಿಗಳನ್ನು ನೋಡಿದೆ ಎಂದು ಬಹಳ ದಿನ ನಂಬಿದ್ದೆ. ನೋಡಿದ್ದರೆ ಕಾಣದಿರಲು ಸಾಧ್ಯವೇ ಇರಲಿಲ್ಲ. ಹೆಚ್ಚುಕಡಿಮೆ ಎಲ್ಲ ತಿಂಗಳ ಮುಂದೆಯೂ 'ಚಂದ್ರೋದಯವಿಲ್ಲ' ಎಂದಿತ್ತು.

ಜೆರಾಕ್ಸ್ ಅಂಗಡಿಯವನನ್ನು ಆಮೇಲೆ ಕೇಳಿದೆ. "ನೋಡ್ದೆ ಮೇಡಂ. ಏನೋ ದೊಡ್ಡ ಗ್ರಹಣ ಇರ್ಬೇಕು ಅಂದ್ಕೊಂಡೆ" ಎಂದ.

ಮೊದಲ ಸಂಕಷ್ಟಿ ಬಂತು. ಮರುದಿನ ಬೆಳಿಗ್ಗೆ ನಾನು ಮುಳಬಾಗಿಲಿನಲ್ಲಿ ಬಸ್ಸಿಳಿದು ಮನೆಗೆ ಹೋದರೆ, ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಬಾಮ್ಮಾ, ಬಾ. ಚಂದ್ರನ್ನ ಎಲ್ಲಿ ಬಚ್ಚಿಟ್ಟಿದ್ದೆ?"

ನನಗೆ ಅರ್ಥವಾಗಲಿಲ್ಲ. ಅತ್ತೆ ಒಂದೇ ಉಸಿರಿಗೆ ಹೇಳಿದರು. ತಾವು ತಾರಸಿಯಲ್ಲಿ ಕೂತು ಚಂದ್ರನನ್ನು ಕಣ್ಣಾರೆ ಕಂಡಿದ್ದು, ಮಾವ ಭೂತಗನ್ನಡಿ ಹಿಡಿದು ಹಾಳೆ ಓದಿ 'ಇಲ್ಲ' ಎಂದಿದ್ದು, ಚಂದ್ರ ಹುಟ್ಟದಿದ್ದರೆ ಏನು ಮಾಡಬೇಕೆಂದು ಹಳೆಯ ಪುಸ್ತಕಗಳನ್ನೆಲ್ಲಾ ನೆಲದ ಮೇಲೆ ಹರಡಿಕೊಂಡಿದ್ದು.

"ನಾನಂತೂ ತಿಂದೆ ಕಣೇ. ಎದುರಿಗೆ ಬಂದು ಕೂತವ್ನಿಗೆ ಅರ್ಘ್ಯ ಕೊಟ್ಟೆ, ಉಪ್ಪಿಟ್ಟು ತಿಂದೆ. ಇವ್ರು ತಿನ್ನಲಿಲ್ಲ. ನಮ್ಮ ಅಮ್ಮಾಯಿ ಲೆಕ್ಕ ತಪ್ಪಲ್ಲ ಅಂತ ಹಂಗೇ ಮಲಗಿದ್ರು."

ನಲವತ್ತು ದಾಟಿದ ನನ್ನನ್ನು ಮಾವ ಈಗಲೂ ತೆಲುಗಿನವರು ಹುಡುಗಿಯರನ್ನು ಕರೆಯುವ ಹಾಗೆ ಅಮ್ಮಾಯಿ ಎಂದೇ ಕರೆಯುವುದು. ಒಳಗೆ ಅವರು ಫೋನಿನಲ್ಲಿದ್ದರು. ಸ್ಪೀಕರ್ ಹಾಕಿದ್ದರಿಂದ ತಾಯಲೂರಿನಲ್ಲಿ ಹಿಪ್ಪುನೇರಳೆ ಬೆಳೆಯುವ ಅವರ ಹಳೆಯ ಶಿಷ್ಯನ ದನಿ ನನಗೂ ಕೇಳಿಸಿತು.

"ಸ್ವಾಮಿ, ಚಂದ್ರ ಈ ವರ್ಷ ಪೂರ್ತಿ ರಜಾ ಹಾಕ್ಬಿಟ್ಟವ್ನಾ? ನಮ್ಮನೆ ಹೆಂಗಸ್ರು ಇನ್ನೂ ಉಪವಾಸ ಬಿಟ್ಟಿಲ್ಲ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋಕೆ ಒಬ್ರಿಗೂ ತ್ರಾಣ ಇಲ್ಲ."

"ಮೊದ್ಲು ಊಟ ಮಾಡೋಕೆ ಹೇಳಪ್ಪ" ಎಂದು ಮಾವ ಫೋನ್ ಇಟ್ಟರು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮುಂದಿನ ಸಂಕಷ್ಟಿಯೊಳಗೆ ಎಲ್ರಿಗೂ ಸರಿ ಹಾಳೆ ಮುಟ್ಬೇಕು ಅಮ್ಮಾಯಿ. ಇಲ್ದಿದ್ರೆ ಎಲ್ರೂ ಮೊಬೈಲಲ್ಲೇ ನೋಡ್ಕೋತಾರೆ. ನೋಡ್ಕೊಂಡ್ರೆ ತಪ್ಪೇನಿಲ್ಲ. ಆದ್ರೆ ಆಮೇಲೆ ನನ್ನ ಹಾಳೆ ಯಾರಿಗೆ ಬೇಕು?"

ಅಷ್ಟು ಹೇಳಿ ಪಂಚಾಂಗವನ್ನೂ ಭೂತಗನ್ನಡಿಯನ್ನೂ ಹತ್ತಿರ ಎಳೆದುಕೊಂಡರು. ಪೊರೆ ಬಂದ ಕಣ್ಣಿನಲ್ಲಿ ಮತ್ತೆ ಕೈಲೆಕ್ಕ ಶುರು ಮಾಡುವ ಹೊಂಚು. ನನಗೊಂದು ವಾರ ಕೊಡಿ ಎಂದು ಬೇಡಿಕೊಂಡೆ.

ಕಾರಣ ಹುಡುಕಲು ವಾರ ಬೇಕಾಗಲಿಲ್ಲ, ಕಾಲು ಗಂಟೆ ಸಾಕಾಯಿತು. ಚಂದ್ರನ ಲೈಬ್ರರಿಯ ಹೊಸ ಆವೃತ್ತಿ ಬಂದಿತ್ತು. ಅದರ ಟಿಪ್ಪಣಿಯ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದರು: ಇನ್ನು ಮುಂದೆ ಊರಿನ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾನು ಹಳೆಯ ಕ್ರಮದಲ್ಲೇ ಕೊಟ್ಟಿದ್ದೆ. ಮುಳಬಾಗಿಲಿನ ಹದಿಮೂರು ಮತ್ತು ಎಪ್ಪತ್ತೆಂಟು ಅದಲುಬದಲಾದರೆ ಊರು ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆಯಲ್ಲಿ ನೋಡಿದೆ. ಮಾವನಿಗೂ ತೋರಿಸಿದೆ. ಉತ್ತರ ಧ್ರುವದ ಹತ್ತಿರ, ಹಿಮ ಮುಚ್ಚಿದ ಒಂದು ದಡ.

"ನಮ್ಮೂರು ಇಲ್ಲಿಗೆ ಬಂದಿದೆ ಮಾವ."

"ಅಲ್ಲಿ ಯಾರಿದ್ದಾರೆ?"

"ಕರಡಿಗಳು."

"ಸಂಕಷ್ಟಿ ಮಾಡೋರು?"

"ಇರಲಿಕ್ಕಿಲ್ಲ."

"ಅಲ್ಲಿ ನಿಜವಾಗ್ಲೂ ಚಂದ್ರ ಹುಟ್ಟಲ್ವಾ?"

"ಕೆಲವು ದಿನ ಹುಟ್ಟೋದೇ ಇಲ್ಲ, ಕೆಲವು ದಿನ ಮುಳುಗೋದೇ ಇಲ್ಲ. ಎರಡಕ್ಕೂ ಚಂದ್ರೋದಯವಿಲ್ಲ."

ಮಾವನ ಮುಖ ಅರಳಿತು. "ನೋಡ್ದೇನೇ?" ಎಂದು ಅಡುಗೆಮನೆಯ ಕಡೆ ತಿರುಗಿದರು. "ಲೆಕ್ಕ ತಪ್ಪಿಲ್ಲ. ಊರು ತಪ್ಪಿದೆ ಅಷ್ಟೇ."

"ಹಂಗಾದ್ರೆ ಅಲ್ಲೇ ಹೋಗಿ ಪೌರೋಹಿತ್ಯ ಮಾಡಿ" ಎಂದರು ಅತ್ತೆ. "ಕರಡಿಗಳು ಒಳ್ಳೆ ದಕ್ಷಿಣೆ ಕೊಡ್ತಾವೆ."

ಮಾವ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಯಾರನ್ನು ನಂಬಿ ತಾವು ಹಸಿದು ಮಲಗಿದ್ದು ಎಂದು ತಿಳಿಯಬೇಕಿತ್ತು. ಇಳಿದುಬಂದ ಲೈಬ್ರರಿಗಳ ಪಟ್ಟಿಯನ್ನು ಒಂದೊಂದಾಗಿ ಓದಿಸಿದರು.

"ಇದ್ಯಾರು?"

"ಚಂದ್ರನ ಲೆಕ್ಕ."

"ಯಾವೂರೋರು?"

"ಗೊತ್ತಿಲ್ಲ ಮಾವ."

"ಇದು?"

"ತಾರೀಕು ಬರೆಯೋದು."

"ಇದು?"

"ಪರದೆ ಮೇಲೆ ಅಕ್ಷರಕ್ಕೆ ಬಣ್ಣ ಹಚ್ಚೋದು."

"ಚಂದ್ರ ಹುಟ್ಟೋಕೆ ಬಣ್ಣ ಯಾಕೆ?"

"ನಾನು ಕರೆದಿಲ್ಲ. ತಾರೀಕಿನೋನು ಕರ್ಕೊಂಡು ಬಂದಿದ್ದಾನೆ. ನಾನು ಕರೆದದ್ದು ನಾಲ್ಕು ಜನರನ್ನ. ಬಂದಿರೋದು ಮೂವತ್ತೊಂದು."

ಮಾವ ತಲೆಯಾಡಿಸಿದರು. ಎಷ್ಟೋ ಮದುವೆ ಮಾಡಿಸಿದವರು, ಆಶ್ಚರ್ಯವೇನೂ ಆಗಲಿಲ್ಲ. ಅವರು ಬೆರಳಿಟ್ಟಿದ್ದು ಬೇರೆ ಕಡೆ. ನನ್ನ ಪಟ್ಟಿಯಲ್ಲಿ ಪ್ರತಿ ಲೈಬ್ರರಿಯ ಮುಂದೆ ಹೂವಿನಂಥ ಒಂದು ಗುರುತು ಇತ್ತು.

"ಇದೇನು?"

"ಯಾವ ಆವೃತ್ತಿ ಆದ್ರೂ ಸರಿ, ಹೊಸದಿದ್ರೆ ಹೊಸದು ತಾ ಅಂತ."

ಮಾವ ಎದ್ದು ಹೋಗಿ ತಮ್ಮ ಚೀಲ ತಂದರು. ಅದರೊಳಗಿಂದ, ಪೂಜೆಗೆ ಮೊದಲು ಮನೆಯವರಿಗೆ ಕೊಡುವ ಸಾಮಾನಿನ ಚೀಟಿ ತೆಗೆದು ನನ್ನ ಮುಂದೆ ಇಟ್ಟರು. ಹುಟ್ಟಿದಾಗಿನಿಂದ ನೋಡಿದ ಚೀಟಿ. ಓದಿದ್ದು ಅವತ್ತೇ. ಎಳ್ಳು ಎಂದಿರಲಿಲ್ಲ, ಕರಿ ಎಳ್ಳು, ಬಿಳಿ ಬೇಡ ಎಂದಿತ್ತು. ಬಾಳೆಹಣ್ಣು ಏಲಕ್ಕಿಯದೇ, ಪಚ್ಚಬಾಳೆ ಬೇಡ. ಕರ್ಪೂರ ಪೂಜೆಯದು, ಬೀರುವಿನಲ್ಲಿಡುವ ಗುಳಿಗೆ ಅಲ್ಲ.

"ಬೀರುವಿನ ಗುಳಿಗೆ ತಂದಿದ್ರಾ?"

"ಮಾಲೂರಲ್ಲಿ. ಗೃಹಪ್ರವೇಶ. ಆರತಿ ತಟ್ಟೇಲಿ ಇಟ್ಟು ಹತ್ತಿಸ್ತಾನೇ ಇದ್ದೆ" ಎಂದರು. "ಯಾವ್ದಾದ್ರೂ ಪರವಾಗಿಲ್ಲ ಅಂತ ಬರೆದ್ರೆ ಅವ್ರು ತರದೇ ಇರಲ್ಲ ಅಮ್ಮಾಯಿ. ತರ್ತಾರೆ. ಬೇರೇದು ತರ್ತಾರೆ."

ಚೀಲದಲ್ಲಿ ಇನ್ನೂ ಇತ್ತು. ದರ್ಭೆ, ಜನಿವಾರ, ಸಣ್ಣ ಡಬ್ಬಿಯಲ್ಲಿ ತುಪ್ಪ, ಪೊಟ್ಟಣದಲ್ಲಿ ಕರಿ ಎಳ್ಳು. ಚೀಟಿಯಲ್ಲಿ ಬರೆದರೂ ಇವನ್ನು ತಾವೇ ಒಯ್ಯುತ್ತಾರಂತೆ. ಇದಿಲ್ಲದಿದ್ದರೆ ಕೆಲಸವೇ ನಡೆಯುವುದಿಲ್ಲ ಎನ್ನುವಂಥದ್ದನ್ನು ಬೇರೆಯವರ ಮನೆಯ ಮೇಲೆ ಬಿಡುವ ಹಾಗಿಲ್ಲ.

ನನ್ನ ವಿಶ್ವವಿದ್ಯಾಲಯದ ಪದವಿ ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ಅವತ್ತು ಅದು ಅಲ್ಲೇ ಇರಲಿ ಅನ್ನಿಸಿತು. ಎರಡು ಅಂಕಿ ಅದಲುಬದಲು ಮಾಡಿದ್ದರೆ ಈ ವರ್ಷಕ್ಕೆ ಸಾಕಿತ್ತು, ಆದರೆ ಮುಂದಿನ ವರ್ಷ ಮತ್ತೇನು ಬದಲಾಗುತ್ತದೋ ಯಾರಿಗೆ ಗೊತ್ತು. ಹೂವಿನ ಗುರುತುಗಳನ್ನೆಲ್ಲಾ ಅಳಿಸಿ, ಪ್ರತಿಯೊಂದರ ಮುಂದೆಯೂ ಇದೇ ಆವೃತ್ತಿ, ಬೇರೆ ಬೇಡ ಎಂದು ಬರೆದೆ. ಕೂಡಲೇ ಜಗಳ ಶುರುವಾಯಿತು. ಚಂದ್ರನ ಹಳೆಯ ಆವೃತ್ತಿ ಬಂದರೆ ನಾನು ಬರುವುದಿಲ್ಲ ಎಂದು ತಾರೀಕಿನವನು ಹಠ ಹಿಡಿದ. ಅವನ ಹಳೆಯದನ್ನು ತಂದರೆ ಬಣ್ಣದವನು ಮುನಿಸಿಕೊಂಡ. ಎರಡು ದಿನ ಬೀಗರನ್ನು ಸಮಾಧಾನ ಮಾಡಿದ್ದೇ ಆಯಿತು. ಕೊನೆಗೆ ಬಣ್ಣದವನನ್ನು ಕರೆತಂದಿದ್ದ ತಾರೀಕಿನವನನ್ನೇ ಕೈಬಿಟ್ಟು, ತಾರೀಕು ಬರೆಯುವ ಹತ್ತು ಸಾಲನ್ನು ನಾನೇ ಬರೆದೆ. ಚಂದ್ರನ ಹಳೆಯ ಲೆಕ್ಕವನ್ನು, ಬರೆದವರ ಹೆಸರು ಮತ್ತು ಪರವಾನಗಿಯ ಸಮೇತ, ನನ್ನ ಪ್ರೋಗ್ರಾಮಿನ ಒಳಗೇ ಒಂದು ಪ್ರತಿ ಮಾಡಿ ಇಟ್ಟುಕೊಂಡೆ. ಮಾವನ ತುಪ್ಪದ ಡಬ್ಬಿಯ ಹಾಗೆ. ಬರೆದವರಿಗೆ ಒಂದು ಪತ್ರವನ್ನೂ ಹಾಕಿದೆ. ದೂರು ಕೊಡಬೇಕೆಂದು ಶುರು ಮಾಡಿದ್ದು, ಕ್ಷಮೆ ಕೇಳುವುದರಲ್ಲಿ ಮುಗಿಯಿತು. ಟಿಪ್ಪಣಿ ಓದದವಳು ನಾನು ತಾನೇ.

ಇಷ್ಟಾದರೂ ಮಾವನಿಗೆ ಸಮಾಧಾನವಿಲ್ಲ. "ಸರಿ ಬಂದಿದೆ ಅಂತ ಹೆಂಗೆ ಗೊತ್ತು?" ಎಂದರು. ಉತ್ತರವೂ ಅವರಲ್ಲೇ ಇತ್ತು. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಿಂದ ಅವರು ಕೈಯಲ್ಲಿ ಬರೆದ ಹಳೆಯ ಹಾಳೆಗಳ ಕಟ್ಟು ಹೊರಬಂತು. ಅದರಲ್ಲಿನ ದಿನ, ಹೊತ್ತುಗಳನ್ನೆಲ್ಲಾ ನಾನು ಪ್ರೋಗ್ರಾಮಿಗೆ ತುಂಬಿಸಿದೆ. ಇನ್ನು ಮುಂದೆ ಪ್ರತಿ ಸಲ ಕಟ್ಟಿದಾಗಲೂ ಅದು ಮೊದಲು ಮಾವನ ಹಳೆಯ ಲೆಕ್ಕದ ಎದುರು ತನ್ನ ಲೆಕ್ಕ ಒಪ್ಪಿಸಬೇಕು. ಮೂರು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಹಾಳೆ ಹೊರಡುವುದಿಲ್ಲ.

ಓಡಿಸಿದೆ. ಸಾಲಾಗಿ ಹಸಿರು, ಒಂದೇ ಒಂದು ಕೆಂಪು. ಬಹಳ ಹಿಂದಿನ ಒಂದು ಸಂಕಷ್ಟಿ, ಐವತ್ತೆರಡು ನಿಮಿಷ ವ್ಯತ್ಯಾಸ.

"ಇನ್ನೂ ಏನೋ ತಪ್ಪಿದೆ" ಎಂದು ನಾನು ಲೈಬ್ರರಿ ಕೆದಕಲು ಹೊರಟೆ. ಮಾವ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಆ ವರ್ಷದ ಪಂಚಾಂಗ ಹುಡುಕಿಸಿ, ಆ ಪುಟ ನನ್ನಿಂದ ಓದಿಸಿದರು. ಅವರು ಬರೆದಿದ್ದು ಮರುದಿನದ ಹೊತ್ತು. ಕಣ್ಣು ಒಂದು ಸಾಲು ಕೆಳಗೆ ಜಾರಿತ್ತು.

"ನನ್ದೇ" ಎಂದರು.

ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು. "ಯಾವುದು? ನಾನು ತಲೆ ತಿರುಗಿ ಬಿದ್ನಲ್ಲ, ಆ ತಿಂಗಳಾ? ಅವತ್ತೂ ಹೇಳ್ದೆ ರೀ, ಚಂದ್ರ ಬಂದಿದ್ದಾನೆ ಅಂತ. ಹಾಳೇಲಿ ಇನ್ನೂ ಒಂದ್ ಗಂಟೆ ಇದೆ ಅಂದ್ರಿ."

ಅತ್ತೆ ಬಿದ್ದದ್ದು ಅದೇ ಸಂಕಷ್ಟಿಯೋ, ಬೇರೆಯದೋ, ನನಗೆ ಖಾತ್ರಿಯಿಲ್ಲ. ಇಷ್ಟು ಸರಿಯಾಗಿ ಕೂಡುವ ನೆನಪುಗಳ ಮೇಲೆ ನನಗೆ ಅನುಮಾನ ಜಾಸ್ತಿ. ಆದರೆ ಮಾವ ಅನುಮಾನ ಪಡಲಿಲ್ಲ. ಪಂಚಾಂಗ ಮುಚ್ಚಿ ಪಕ್ಕಕ್ಕಿಟ್ಟರು.

"ಆ ಒಂದನ್ನ ತೆಗೆದುಬಿಡ್ತೀನಿ ಮಾವ. ಯಾರಿಗೂ ಗೊತ್ತಾಗಲ್ಲ."

"ತೆಗೀಬೇಡ. ಸರಿ ಹೊತ್ತು ಹಾಕು. ಪಕ್ಕದಲ್ಲಿ ಇದು ಪುರೋಹಿತರ ತಪ್ಪು ಅಂತ ಬರಿ."

"ಮುಕ್ತವಾಗಿ ಇಟ್ಟಿರೋದು ಮಾವ. ಲೋಕವೆಲ್ಲಾ ಓದುತ್ತೆ."

ಮಾವ ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಕನ್ನಡದಲ್ಲಿ ಬರಿ" ಎಂದರು.

ಬರೆದೆ. ಮತ್ತೆ ಓಡಿಸಿದೆ. ಎಲ್ಲ ಹಸಿರು. ಹೊಸ ಹಾಳೆಯ ಅಡಿಯಲ್ಲಿ ಒಂದು ಸಾಲು ಸೇರಿತು: ಚಂದ್ರನು ಕಣ್ಣಿಗೆ ಕಂಡ ಮೇಲೆ ಹಾಳೆಯನ್ನು ನೋಡುವ ಅಗತ್ಯವಿಲ್ಲ. ಅದನ್ನು ಹಾಕಿಸಿದ್ದು ಅತ್ತೆ ಎಂದು ನನ್ನ ನೆನಪು, ಮಾವ ಎಂದು ಡೈರಿ. ಹಾಳೆಗಳನ್ನು ಈ ಸಲ ಮಾವ ತಾವೇ ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೋದರು. ಬಾಗಿಲ ಹಿಂದಿನ ಹಳೆಯದನ್ನು ಕಿತ್ತು, ಹೊಸದನ್ನು ತಮ್ಮ ಕೈಯಾರೆ ಅಂಟಿಸಿ ಬಂದರು.

ಮುಂದಿನ ಸಂಕಷ್ಟಿಗೆ ನಾನು ತಾರಸಿಯಲ್ಲಿದ್ದೆ. ಇದು ಡೈರಿಯಲ್ಲೂ ಇದೆ. ಹಾಳೆಯ ಹೊತ್ತು ಬಂದ ಐದೇ ನಿಮಿಷಕ್ಕೆ ಮಾವನ ಫೋನ್ ಬಡಿದುಕೊಂಡಿತು. ಮತ್ತೆ ತಾಯಲೂರು. "ಬಂದ ಸ್ವಾಮಿ! ರಜಾ ಮುಗಿಸ್ಕೊಂಡು ಕೆರೆ ಏರಿ ಮೇಲೆ ನಿಂತವ್ನೆ!" ಮಾವ ಫೋನನ್ನು ಜೇಬಿಗೆ ಹಾಕಿಕೊಂಡು, ಇಡೀ ಓಣಿಗೆ ಕೇಳುವಂತೆ "ಹುಟ್ಟಿದ ಕಣೇ, ಬಡಿಸು" ಎಂದರು.

"ಎಲ್ಲಿ? ನಂಗೆ ಕಾಣ್ತಿಲ್ಲ" ಎಂದರು ಅತ್ತೆ.

ನಮ್ಮ ಪೂರ್ವ ದಿಕ್ಕಿಗೆ ಪಕ್ಕದ ಮನೆಯ ನೀರಿನ ಟ್ಯಾಂಕ್ ಇತ್ತು. ಚಂದ್ರ ಅದರ ಹಿಂದಿದ್ದ.

"ಹಾಳೇಲಿ ಇದೆಯಲ್ಲೇ!"

"ಹಾಳೇಲಿದ್ರೆ ನೀವು ತಿನ್ನಿ."

ಮಾವ ತಿನ್ನಲಿಲ್ಲ. ಹೊತ್ತು ಕಳೆಯಲು ನನ್ನನ್ನು ಕೇಳಿದರು: "ಅಮ್ಮಾಯಿ, ನಿನ್ನ ಲೆಕ್ಕದಲ್ಲಿ ಟ್ಯಾಂಕು ಸೇರಿಸೋಕೆ ಬರಲ್ವಾ?" ಬರುವುದಿಲ್ಲ ಎಂದೆ. ಮೂವರೂ ಟ್ಯಾಂಕ್ ನೋಡುತ್ತಾ ಕೂತೆವು.