ಎಡಗಾಲಿನ ಅಭ್ಯಾಸ

ನಮ್ಮ ದ್ರಾಕ್ಷಿ ತೋಟದ ಗೇಟಿನ ಪಕ್ಕ ಒಂದು ಚಪ್ಪಡಿ ಕಲ್ಲಿತ್ತು. ಅದರ ಮೇಲೆ ಹಳೇ ಟೈರು ಕೊಯ್ದು ಅಟ್ಟೆ ಹಾಕಿಸಿದ ಒಂದು ಜೊತೆ ಚಪ್ಪಲಿ ಕಂಡರೆ ಡ್ರೈವರ್ ಮಾಮ ರಸ್ತೆಯಲ್ಲಿದ್ದಾರೆ, ಇನ್ನೂ ವಾಪಸು ಬಂದಿಲ್ಲ ಎಂದು ಅರ್ಥ. ಗಾಡಿ ಹತ್ತುವ ಮುಂಚೆ ಅವರು ಚಪ್ಪಲಿ ಬಿಟ್ಟುಬಿಡುತ್ತಿದ್ದರು. ಬರಿಗಾಲಿನಲ್ಲೇ ಓಡಿಸಬೇಕು ಎನ್ನುವುದು ಅವರ ಹಟ. ಅಗಲ ಪಾದ, ಬಿಡಿಬಿಡಿಯಾಗಿ ನಿಂತ ಬೆರಳುಗಳು, ಎಡ ಅಂಗಾಲಿನಲ್ಲಿ ಕ್ಲಚ್ಚಿನ ಪೆಡಲು ಉಜ್ಜಿ ಉಜ್ಜಿ ಎದ್ದ, ನಾಲ್ಕಾಣೆಯಗಲದ ಕರೀ ಗಂಟು. ಚಿಕ್ಕವಳಿದ್ದಾಗ ಅದನ್ನು ಮುಟ್ಟಿ, ನೋಯುತ್ತಾ ಎಂದು ಕೇಳಿದ್ದೆ. "ಇದೇ ನನ್ನ ಲೈಸೆನ್ಸು ಬೇಟಿ," ಎಂದಿದ್ದರು.

ಯಲಹಂಕ ದಾಟಿ ಚಿಕ್ಕಜಾಲದ ಕಡೆ ಹೋಗುವ ರಸ್ತೆಗೆ ನಮ್ಮ ತೋಟ. ಅಪ್ಪ ಅವರನ್ನು ಸಾಬ್ರೆ ಎನ್ನುತ್ತಿದ್ದರು, ಅವರು ಅಪ್ಪನನ್ನು ಗೌಡ್ರೆ ಎನ್ನುತ್ತಿದ್ದರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸನ್ನು ದೊಡ್ಡಬಳ್ಳಾಪುರಕ್ಕೆ ಹೊಡೆದವರು ಅವರು. ಐವತ್ತರ ದಶಕದಲ್ಲಿ ನಮ್ಮ ಹಳೇ ವ್ಯಾನಿಗೆ ಬಂದರು. ಬೆಳಿಗ್ಗೆ ದ್ರಾಕ್ಷಿ ಬುಟ್ಟಿ ಹೇರಿಕೊಂಡು ಹೆಬ್ಬಾಳದ ಮೇಲೆ ಸಿಟಿ ಮಾರ್ಕೆಟ್ಟಿಗೆ ಹೋದರೆ ಊಟದ ಹೊತ್ತಿಗೆ ವಾಪಸು. ದಾರಿಯಲ್ಲಿ ಒಂದು ಗೊನೆ ಜಜ್ಜಿದರೂ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದರು. "ಗಾಡಿ ಓಡ್ಸೋದು ಕಣ್ಣಲ್ಲಲ್ಲ, ಕಿವೀಲಿ," ಎನ್ನುವುದು ಅವರ ಮಾತು. ಆ ಕಿವಿ ಊಟಕ್ಕೆ ಕೂತಾಗಲೂ ಸುಮ್ಮನಿರುತ್ತಿರಲಿಲ್ಲ. ಒಲೆಯ ಮೇಲೆ ಸಾರು ಕೊತಗುಡುವುದು ಕೇಳಿಸಿದರೆ, "ಅಕ್ಕ, ಉರಿ ಸ್ವಲ್ಪ ಕಮ್ಮಿ ಮಾಡಿ, ಪಾಪ ಅದು ಫಸ್ಟ್ ಗೇರಲ್ಲೇ ಎಳೀತಾ ಇದೆ," ಎಂದು ಅಮ್ಮನನ್ನು ನಗಿಸುತ್ತಿದ್ದರು.

ಕಾಲಿಗೆ ಏಟಾದದ್ದು ನಮ್ಮ ಕೆಲಸದಲ್ಲೇ. ಹೆಬ್ಬಾಳದ ಹತ್ತಿರ ಚಕ್ರ ಬದಲಾಯಿಸುವಾಗ ಜಾಕು ಜಾರಿ, ಬುಟ್ಟಿ ತುಂಬಿದ್ದ ವ್ಯಾನು ಅವರ ಎಡ ತೊಡೆಯ ಮೇಲೆ ಕೂತಿತು. ಮೂಳೆ ಕೂಡಿತು, ಬಲ ಕೂಡಲಿಲ್ಲ. ನಡೆಯುವಾಗ ಆ ಕಾಲನ್ನು ಸೊಂಟದಿಂದ ಎತ್ತಿ ಮುಂದಕ್ಕೆ ಹಾಕಬೇಕಿತ್ತು. ಕ್ಲಚ್ಚನ್ನು ಒತ್ತಿ ಹಿಡಿಯುವ ಮಾತಂತೂ ದೂರ. ಎಂಟು ತಿಂಗಳು ಕಲ್ಲಿನ ಮೇಲೆ ಚಪ್ಪಲಿ ಕಾಣಲಿಲ್ಲ. ಅಷ್ಟರಲ್ಲಿ ಹಳೇ ವ್ಯಾನೂ ಗುಜರಿಗೆ ಹೋಗಿ ನಾವು ಬಾಡಿಗೆ ಲಾರಿ ಹಿಡಿದೆವು. ಅಪ್ಪ ಮಾತ್ರ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಈ ಮನೆ ಮುಂದೆ ಗಾಡಿ ಅಂತ ನಿಂತ್ರೆ ಸ್ಟೇರಿಂಗ್ ಸಾಬ್ರುದೇಯ."

ಅರವತ್ತರ ದಶಕದ ಆರಂಭದಲ್ಲಿ, ನನಗೆ ಹತ್ತೊಂಬತ್ತು ತುಂಬಿದ್ದಾಗ, ಎರಡು ಪಿಕಪ್ ಗಾಡಿಗಳು ಒಟ್ಟಿಗೇ ಮಾರಾಟಕ್ಕೆ ಬಂದವು. ಒಂದು ಯಶವಂತಪುರದಲ್ಲಿ ನಿಂತಿದ್ದ ಮಿಲಿಟರಿ ಡಿಸ್ಪೋಸಲ್ ಗಾಡಿ. ಗೇರು, ಕ್ಲಚ್ಚು ಇದ್ದದ್ದು, ಯಾವ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸಬಲ್ಲಂಥದ್ದು. ಇನ್ನೊಂದು, ಹೆಬ್ಬಾಳದಲ್ಲಿ ಕೋಳಿ ಸಾಕಣೆ ಕಲಿಸಲು ಬಂದಿದ್ದ ಆಸ್ಟ್ರೇಲಿಯಾದವರೊಬ್ಬರು ಊರಿಗೆ ಹೊರಡುವಾಗ ಮಾರಲು ಇಟ್ಟಿದ್ದ ಆಟೋಮ್ಯಾಟಿಕ್ ಗಾಡಿ. ಅದಕ್ಕೆ ಕ್ಲಚ್ಚೇ ಇಲ್ಲ, ಗೇರು ತಾನೇ ಬದಲಾಗುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ ಎಂದು ಗೊತ್ತಾದಾಗ ಅಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ದೇವ್ರು ಇದನ್ನ ಸಾಬ್ರಿಗೆ ಅಂತ್ಲೇ ಅಡಗಿಂದ ಇಳಿಸವ್ನೆ," ಎಂದರು. ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂದು ಊರಿನವರು ಹೆದರಿಸಿದರು. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ ಇತ್ತು. "ಸಾಬ್ರು ಓಡ್ಸಿ ನೋಡ್ಲಿ, ಅವ್ರು ಏಳಿದ್ದೇ ಆಗ್ಲಿ," ಎಂದು ಅಪ್ಪ ಮಾತು ಮುಗಿಸಿದರು.

ಆ ಬೆಳಿಗ್ಗೆ ಆಸ್ಟ್ರೇಲಿಯಾದ ದೊರೆಯ ಕಡೆಯವನು ಗಾಡಿ ತಂದು ನಮ್ಮ ಗೇಟಿನಲ್ಲಿ ನಿಲ್ಲಿಸಿದ. ಮಾಮ ಎಂಟು ತಿಂಗಳ ಮೇಲೆ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟರು. ನಾನು ಮಡಿಲಲ್ಲಿ ಒಂದು ಬುಟ್ಟಿ ದ್ರಾಕ್ಷಿ ಇಟ್ಟುಕೊಂಡು ಪಕ್ಕದಲ್ಲಿ ಕೂತೆ. ಕುಲುಕಾಟ ಎಷ್ಟೆಂದು ನೋಡಲು ಅದು ಬೇಕೆಂದು ಅವರೇ ಹೇಳಿದ್ದರು. ಯಲಹಂಕ ದಾಟುವವರೆಗೆ ಉಸಿರು ಬಿಗಿಹಿಡಿದಿದ್ದರು. ಆಮೇಲೆ ನಗು ಬಂತು. "ಕಾಲಿಗೆ ರಜಾ ಕೊಟ್ಬಿಟ್ಟಿದಾನೆ ನೋಡು ದೊರೆ," ಎಂದು ಎಡಗಾಲಿನ ಮೇಲೆ ತಟ್ಟಿಕೊಂಡರು. ಅವರು ಅಷ್ಟು ಸುಖವಾಗಿದ್ದದ್ದನ್ನು ನಾನು ಕಂಡದ್ದು ಅದೇ ಕೊನೆ.

ಹೆಬ್ಬಾಳದ ಕೆರೆ ಏರಿಯ ಮೇಲೆ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕಿ ರಸ್ತೆಗೆ ಇಳಿದಳು. ದೂರವಿದ್ದಳು, ಸ್ವಲ್ಪ ನಿಧಾನ ಮಾಡಿದ್ದರೆ ಸಾಕಿತ್ತು. ಆದರೆ ಮಾಮನ ಎಡಗಾಲು ತಾನಾಗಿಯೇ ಎದ್ದು ಕ್ಲಚ್ಚು ಇರಬೇಕಾದ ಜಾಗಕ್ಕೆ ಬಿತ್ತು. ಅಲ್ಲಿದ್ದದ್ದು ಬ್ರೇಕಿನ ಅಗಲವಾದ ಪೆಡಲು. ಒತ್ತಿ ಹಿಡಿಯುವ ಬಲ ಆ ಕಾಲಿಗೆ ಇರಲಿಲ್ಲ, ಆದರೆ ಅದು ಬಿದ್ದರೇ ಸಾಕು, ನಿಲ್ಲುವಂಥ ಬ್ರೇಕು. ಗಾಡಿ ನಿಂತಲ್ಲೇ ನಿಂತಿತು. ನನ್ನ ಹಣೆ ಮುಂದಕ್ಕೆ ಹೋಗಿ ಬಡಿಯಿತು. ಹಿಂದೆ ಬರುತ್ತಿದ್ದ ಬಸ್ಸು ನಮ್ಮನ್ನು ತಪ್ಪಿಸಲು ಬಲಕ್ಕೆ ಎಳೆದು, ಮುದುಕಿಯ ಹೊರೆಯಿಂದ ನಾಲ್ಕು ಎಳೆ ಹುಲ್ಲು ಕಿತ್ತುಕೊಂಡು ಹೋಯಿತು.

ಮಾಮ ಗಾಡಿಯನ್ನು ಮನೆ ಕಡೆ ತಿರುಗಿಸಿ ಮತ್ತೆ ಹೊರಟರು. ಕೊಡಿಗೇಹಳ್ಳಿ ಗೇಟಿನ ಹತ್ತಿರ ಕಾಲು ಮತ್ತೆ ಹಾಗೇ ಮಾಡಿತು.

ಈ ಸಲ ಬದಿಗೆ ನಿಲ್ಲಿಸಿ, ಹೆಗಲ ಮೇಲಿನ ಟವೆಲಿನಿಂದ ನನ್ನ ಹಣೆಯ ರಕ್ತ ಒರೆಸಿದರು. ಆಮೇಲೆ ತಮ್ಮ ಪಾದ ನೋಡಿ, "ಬಲ ಹೋಯ್ತು, ಅಭ್ಯಾಸ ಹೋಗಿಲ್ಲ ಬೇಟಿ. ಇಂಥ ಕಾಲನ್ನ ನಂಬಬಾರ್ದು," ಎಂದರು. ಅಳುತ್ತಾರೇನೋ ಎಂದುಕೊಂಡೆ, ಅಳಲಿಲ್ಲ. "ಅಪ್ಪಾಜಿಗೆ ಹೇಳ್ಬೇಡ. ಕಾಲಿನ ದೆಸೆಯಿಂದ ಬೇಡ ಅಂತಿದೀನಿ ಅಂತ ಗೊತ್ತಾದ್ರೆ, ಪರವಾಗಿಲ್ಲ ಅಂತ ನನ್ನ ಮುಖ ನೋಡ್ಕೊಂಡು ಇದನ್ನೇ ತಗೋತಾರೆ. ನಾಳೆ ಯಾರಾದ್ರೂ ಸತ್ರೆ?"

ಮಾತು ಕೊಟ್ಟೆ.

ಮನೆಯಲ್ಲಿ ಅಪ್ಪ ಜಗುಲಿಯ ಮೇಲೆ ಕಾಯುತ್ತಿದ್ದರು. "ಏಳಿ ಸಾಬ್ರೆ, ಎಂಗೈತೆ?"

"ಗೇರಿಂದೇ ತಗೊಳ್ಳಿ ಗೌಡ್ರೆ. ಇದಕ್ಕೆ ಸಾಮಾನು ಸಿಗಲ್ಲ. ದ್ರಾಕ್ಷಿ ಕಾಲದಲ್ಲಿ ಕೆಟ್ಟು ನಿಂತ್ರೆ ಮಾಲೆಲ್ಲ ಕೊಳೆಯುತ್ತೆ."

"ಗೇರಿಂದು ತಗಂಡ್ರೆ ಓಡ್ಸೋರ್ ಯಾರು?"

ಮಾಮ ಗದ್ದ ಎತ್ತಿ ನನ್ನ ಕಡೆ ತೋರಿಸಿದರು. "ಬೇಟಿ ಓಡಿಸ್ತಾಳೆ. ನಾನ್ ಕಲಿಸ್ತೀನಿ."

ಅಪ್ಪ ನನ್ನ ಹಣೆ ನೋಡಿ, ಇದೇನಾಯ್ತು ಎಂದರು. ಬಾಗಿಲು ತಗುಲಿತು ಎಂದೆ. ಮಾತು ಕೊಟ್ಟದ್ದಕ್ಕೆ ಸುಳ್ಳು ಹೇಳಿದೆ, ನಿಜ. ಆದರೆ ಗಾಡಿ ನನ್ನ ಕೈಗೆ ಬರುತ್ತದೆ ಎಂದು ಆ ಕ್ಷಣ ನನ್ನ ಎದೆ ಹಿಗ್ಗಿದ್ದೂ ನಿಜ. ಆ ಹಿಗ್ಗನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಕಲಿಸುವಾಗ ಮಾಮ ಪಕ್ಕದಲ್ಲಿ ಕೂರುತ್ತಿದ್ದರು. ನಾನು ಕ್ಲಚ್ಚು ಒತ್ತಿದಾಗೆಲ್ಲ ಅವರ ಎಡ ಪಾದವೂ ನೆಲ ಒತ್ತುತ್ತಿತ್ತು. ನೋಡಿಯೂ ನೋಡದಂತೆ ಇರುತ್ತಿದ್ದೆ. ಲೈಸೆನ್ಸು ಸಿಕ್ಕ ಮಾರನೆಯ ದಿನದಿಂದ ಅವರು ಗಾಡಿ ಹತ್ತಲಿಲ್ಲ. ಗೌಡರ ಮಗಳು ಮಾರ್ಕೆಟ್ಟಿಗೆ ಗಾಡಿ ಹೊಡೀತಾಳೆ ಎಂದು ಊರೆಲ್ಲ ಆಡಿಕೊಂಡಿತು. ನೋಡಲು ಬಂದ ಇಬ್ಬರು ಗಂಡುಗಳು ಗಾಡಿ ನೋಡಿ ಹಿಂದಿರುಗಿದರು. ಮೂರನೆಯವರು ಗಾಡಿ ನೋಡಿಯೇ ಒಪ್ಪಿ, ಆಮೇಲೆ ನಮ್ಮ ಮನೆಯಲ್ಲೇ ನಿಂತರು.

ಈಗ ಕಲ್ಲಿನ ಮೇಲೆ ಬಿಡುತ್ತಿದ್ದದ್ದು ನನ್ನ ಚಪ್ಪಲಿ. ಮಾಮ ಅದರ ಪಕ್ಕದಲ್ಲೇ ಕೂತು ಕಾಯುತ್ತಿದ್ದರು. ಬಿಸಿಲು ಸರಿದಂತೆ ಚಪ್ಪಲಿಯನ್ನೂ ನೆರಳಿಗೆ ಸರಿಸುತ್ತಿದ್ದರು. ನಾನು ಬಂದಿಳಿದರೆ ಮೊದಲ ಮಾತೇ ತಪ್ಪು ಎಣಿಸುವುದು. "ಏರು ಹತ್ತೋವಾಗ ಸೆಕೆಂಡಿಗೆ ತಡವಾಗಿ ಬಂದೆ. ಇಲ್ಲಿಗೆ ಕೇಳಿಸ್ತು." ಯಾವ ತಪ್ಪೂ ಇಲ್ಲದ ದಿನ ಏನೂ ಹೇಳದೆ ಎದ್ದು, ಕಾಲು ಎತ್ತಿ ಎತ್ತಿ ಹಾಕುತ್ತಾ ಮನೆಗೆ ಹೋಗುತ್ತಿದ್ದರು. ಆ ಮೌನಕ್ಕಾಗಿ ನಾನು ಎಷ್ಟು ಮೈಯೆಲ್ಲ ಕಿವಿಯಾಗಿ ಓಡಿಸಿದೆನೋ.

ನಾಲ್ಕು ವರ್ಷ ಹೀಗೆ ನಡೆಯಿತು. ಒಂದು ಮಧ್ಯಾಹ್ನ ಖಾಲಿ ಬುಟ್ಟಿಗಳೊಂದಿಗೆ ಬಂದಾಗ ಕಲ್ಲಿನ ಹತ್ತಿರ ಯಾರೂ ಇರಲಿಲ್ಲ. ನನ್ನ ಚಪ್ಪಲಿ ಬೆಳಿಗ್ಗೆ ಬಿಟ್ಟಲ್ಲೇ ಬಿಸಿಲಿನಲ್ಲಿದ್ದವು, ಕಾಲಿಡಲಾಗದಷ್ಟು ಕಾದಿದ್ದವು. ಯಾರೂ ಏನೂ ಹೇಳಬೇಕಾಗಲಿಲ್ಲ. ಬರಿಗಾಲಲ್ಲೇ ಅವರ ಮನೆಗೆ ಓಡಿದೆ. ಖಬರಸ್ತಾನದ ಒಳಗೆ ಹೆಂಗಸರು ಹೋಗುವಂತಿರಲಿಲ್ಲ. ಅಪ್ಪ ಹೆಗಲು ಕೊಟ್ಟು ಒಳಗೆ ಹೋದರು, ನಾನು ಹೊರಗೆ ನಿಂತೆ.

ಕೆಲವು ವರ್ಷಗಳ ಹಿಂದೆ, ನನ್ನ ಮಂಡಿ ನೋವು ನೋಡಲಾರದೆ ಮಗಳು ಆಟೋಮ್ಯಾಟಿಕ್ ಕಾರು ಕೊಡಿಸಿದಳು. ಮೊದಲ ದಿನವೇ ನನ್ನ ಎಡಗಾಲು ಎದ್ದು ಬ್ರೇಕಿನ ಮೇಲೆ ಬಿತ್ತು. ಮುಂದಕ್ಕೆ ಮುಗ್ಗರಿಸಿದ ಮಗಳು ನಕ್ಕುಬಿಟ್ಟಳು. "ಗೇರಿನ ಗಾಡಿ ಓಡಿಸಿದೋರಿಗೆಲ್ಲ ಹಿಂಗೇ ಆಗೋದಮ್ಮ. ಎಡಗಾಲನ್ನ ಹಿಂದಕ್ಕೆ ಮಡಚಿ ಇಟ್ಕೋ. ಹದಿನೈದು ದಿನದಲ್ಲಿ ಮರ್ತೋಗುತ್ತೆ."

ಹದಿನೈದು ದಿನವೂ ಬೇಕಾಗಲಿಲ್ಲ. ಹನ್ನೆರಡನೆಯ ದಿನ ಹೆಬ್ಬಾಳದ ಕೆರೆಯ ಪಕ್ಕ ಹೋಗುವಾಗ, ಕಾಲು ಅಲ್ಲಾಡದೆ ಸುಮ್ಮನೆ ಕೂತಿರುವುದು ಗಮನಕ್ಕೆ ಬಂತು. ಕಾರು ಬದಿಗೆ ನಿಲ್ಲಿಸಿ ಅತ್ತೆ. ಎಲ್ಲರಿಗೂ ಆಗುವುದನ್ನು ಅವರು ತಮ್ಮ ಕಾಲಿನ ದ್ರೋಹ ಎಂದುಕೊಂಡು ಹೋದರು. ನಾನು ಆವತ್ತು ನಿಜ ಹೇಳಿದ್ದರೆ ಅಪ್ಪ ಬಿಡುತ್ತಿರಲಿಲ್ಲ. ನಮ್ಮ ತೋಟದೊಳಗೇ ದಿನವೂ ಓಡಿಸಿ ನೋಡಿ, ನಿಮ್ಮ ಕಾಲು ಕಲಿಯೋವರೆಗೂ ಕಾಯ್ತೀನಿ ಎನ್ನುತ್ತಿದ್ದರು. ಮಾಮನಿಗೆ ಬೇಕಾಗಿದ್ದದ್ದು ಹನ್ನೆರಡು ದಿನ.