ತಪ್ಪಾತು ಅನ್ನದ ನಮ್ಮ ಆಯಿ

ಮಾರ್ಚ್ ತಿಂಗಳು ಬಂತಂದ್ರ ನಮ್ಮ ತಿಕೋಟಾದ ಗಾಳ್ಯಾಗೆಲ್ಲ ಒಣದ್ರಾಕ್ಷಿ ವಾಸನಿ. ಊರ ಹೊರಗಿನ ಶೆಡ್ಡುಗಳೊಳಗ, ಹಸರು ಪರದೆ ನೆರಳಿಗೆ, ದ್ರಾಕ್ಷಿ ಸಾವಕಾಶ ಸುಕ್ಕಾಗಿ ಒಣಗತಾವ. ಸಾಲಿ ನೌಕರಿಗಂತ ಬಂದು ನಾ ಇಲ್ಲೇ ಮನಿ ಮಾಡಿ ಬಾಳ ವರ್ಷಾತು, ಆದ್ರೂ ಆ ವಾಸನಿ ನನಗ ರೂಢಿ ಆಗಿಲ್ಲ. ಊರಿಗೆಲ್ಲ ಅದು ಸುಗ್ಗಿ ವಾಸನಿ. ನನಗ ಅದು ಶನಿವಾರದ ವಾಸನಿ, ನಮ್ಮ ಆಯಿ ವಾಸನಿ, ಅದರ ಹಿಂದ ಒಂದು ಕಸಿವಿಸಿ. ಮೊನ್ನೆ ಬಾಜೂ ಮನಿಯಾಕಿ ಮಮ್ಮಗನ ಕೆಮ್ಮಿಗೆ ಅಂತ ಕರಿ ಮಣೂಕ, ಅಂದ್ರ ಕರಿ ಒಣದ್ರಾಕ್ಷಿ, ಕುದಿಸಾಕ ಇಟ್ಟಿದ್ಲು. ಕಾಂಪೌಂಡ್ ದಾಟಿ ಆ ಹಬಿ ಬಂದು ಮೂಗಿಗೆ ಬಡೀತು ನೋಡ್ರಿ, ಕೈಯಾಗಿನ ಪೇಪರ್ ಕೆಳಗಿಟ್ಟುಬಿಟ್ಟೆ. ಅರವತ್ತು ದಾಟಿದ ಹೆಂಗಸು ನಾನು, ನನ್ನ ಕಣ್ಣಾಗ ಯಾಕ ನೀರು ಬಂತು ಅಂತ ಆಕಿಗೆ ಹೇಳಾಕ ಬರಲಿಲ್ಲ. ನಿಮಗಾದ್ರೂ ಹೇಳ್ತೇನಿ.

ಎಪ್ಪತ್ತರ ದಶಕದ ಮಾತು. ಆಗ ನಾವು ವಿಜಾಪುರದಾಗ, ಸೊಲ್ಲಾಪುರ ರಸ್ತೆಯಿಂದ ಒಳಗ ಹೋಗೋ ಒಂದು ಓಣ್ಯಾಗ ಇದ್ವಿ. ಮುಂದ ಲಾರಿ ರಿಪೇರಿ ಮಾಡವರ ಗದ್ದಲ, ಒಳಗ ಬಂದ್ರ ಕಲ್ಲಿನ ಗ್ವಾಡಿ, ಮಣ್ಣಿನ ಮಾಳಿಗಿ, ಬ್ಯಾಸಗ್ಯಾಗೂ ತಣ್ಣಗಿರೋ ಪಡಸಾಲಿ. ಆ ಪಡಸಾಲ್ಯಾಗ ತಿಂಗಳಿಗೊಮ್ಮೆ, ಮೊದಲನೇ ಆಯ್ತಾರದ ಹಿಂದಿನ ದಿನ, ಅಪ್ಪನ ತಾಯಿ, ನಮ್ಮ ಆಯಿ, ಕಲಾಯಿ ಹಾಕಿಸಿದ ಹಿತ್ತಾಳಿ ಪಾತೇಲಿ ತಗದು ಮಣೂಕ ಕುದಿಸ್ತಿದ್ಲು. ನಾವು ಕ್ರಿಶ್ಚನ್ ಮಂದಿ. ನಮ್ಮ ಚರ್ಚಿನ್ಯಾಗ ಸೆರೆ, ಮದ್ಯ ಅನ್ನೋದು ಹೆಸರಿಗೂ ಇರಬಾರದು, ಅದಕ್ಕ ತಿಂಗಳಿಗೊಮ್ಮೆ ಸಭಾ ಎಲ್ಲಾ, ಅಂದ್ರ ಚರ್ಚಿನ ಮಂದಿ ಎಲ್ಲಾ, ಕೂಡಿ ತೊಗೊಳ್ಳೋ ಕರ್ತನ ಭೋಜನಕ್ಕ ರೊಟ್ಟಿ ಜೋಡಿ ಕೊಡೋದು ಈ ಮಣೂಕದ ರಸ. ಸಿದ್ಧೇಶ್ವರ ಗುಡಿ ಹಿಂದಿನ ಸಾಬರ ಅಂಗಡ್ಯಾಗ ಆಯಿ ತಾನೇ ಹೋಗಿ ಒಂದೊಂದು ಕಾಳು ಹಿಸುಕಿ ನೋಡಿ ತರ್ತಿದ್ಲು. ಕುದಿಸಿ, ಆರಿಸಿ, ಬಿಳಿ ಅರಿವ್ಯಾಗ ಹಿಂಡಿ, ಬಾಟ್ಲಿಗೆ ತುಂಬೋತನಕ ಯಾರ ಜೋಡೀನೂ ಮಾತಿಲ್ಲ. ಹಿಂಡಿದ ಚರಟ ನನ್ನ ಅಂಗೈಗೆ ಹಾಕ್ತಿದ್ಲು. ಸವಿ ಎಲ್ಲ ಬಾಟ್ಲಿಗೆ ಹೋಗಿರ್ತಿತ್ತು, ಆದ್ರೂ ನಾ ಅದನ್ನ ಬಾಳ ಹೊತ್ತು ಜಗೀತಿದ್ದೆ.

ಅಪ್ಪ ಕಚೇರ್ಯಾಗ ಗುಮಾಸ್ತ, ಚರ್ಚಿನ್ಯಾಗ ಸಭಾದ ಹಿರಿಯ. ಎರಡೂ ಕಡೆ ಒಂದೇ ಮನಿಷ್ಯಾ. ನಿಯಮ ಅಂದ್ರ ನಿಯಮ. ಎಲ್ಲಾರೂ ತಮತಮಗ ತಿಳದಂಗ ನಡದ್ರ ಸಭಾ ಯಾಕ ಬೇಕು ಅಂತಿದ್ದ. ಅವ್ವ ಹುಬ್ಬಳ್ಳಿ ರೇಲ್ವೆ ಮಂದಿ ಮಗಳು, ಹುಟ್ಟಿನಿಂದ ಕಥೋಲಿಕಳು. ಮದುವಿ ಆದ ಮ್ಯಾಲ ನಮ್ಮ ಚರ್ಚಿಗೆ ಬಂದಿದ್ಲು, ಆದ್ರ ಜಪಮಾಲಿ ಮಾತ್ರ ಟ್ರಂಕಿನ ತಳದಾಗ ಸೀರಿ ನಡುವ ಇಟ್ಟಿದ್ಲು. ಅಪ್ಪಗ ಗೊತ್ತಿತ್ತು, ಗೊತ್ತಿಲ್ಲದಂಗ ಇದ್ದ. ಪಾಪ ಅಂದ್ರ ಮೈಮ್ಯಾಲಿನ ಹೊಲಸಿದ್ದಂಗ, ಫಾದರ್ ಕಿವ್ಯಾಗ ಹೇಳಿ ಬಂದ್ರ ತೊಳಕೊಂಡಂಗ ಆತು ಅಂತ ಅವ್ವನ ಲೆಕ್ಕ. ನಾಕು ಮಂದಿ ಮುಂದ ನಿಲ್ಲಿಸಿ ಹೇಳಿಸೋದು ಆಕಿಗೆ ಸೇರ್ತಿರಲಿಲ್ಲ. ಆಯಿದು ಇಬ್ಬರದಕ್ಕೂ ಬ್ಯಾರೆ. ತಪ್ಪು ಮಾಡೋ ಮುಂದ ಒಳಗ ಒಬ್ಬಾಂವ ಬ್ಯಾಡ ಅಂತಾನ, ಅಂವಾ ಸುಮ್ಮನಿದ್ರ ಅದು ತಪ್ಪಲ್ಲ ಅಂತಿದ್ಲು. ಒಂದೇ ಮನ್ಯಾಗ, ಒಂದೇ ದೇವರಿಗೆ, ಮೂರು ಹಾದಿ. ಊಟಕ್ಕ ಕೂತಾಗ ಆ ಮಾತು ಎದ್ರ ಅವ್ವ ಇನ್ನೊಂದು ರೊಟ್ಟಿ ಹಾಕಿ ಮಾತು ಮುರೀತಿದ್ಲು.

ಆಯಿ ಹುಟ್ಟಿದ್ದು ಬಬಲೇಶ್ವರದಾಗ, ಕುರಿ ಕಾಯವರ ಮನ್ಯಾಗ. ಸಣ್ಣಾಕಿದ್ದಾಗ ಜಡ್ಡು ಬಿದ್ದು ಇನ್ನ ಉಳಿಯಂಗಿಲ್ಲ ಅಂತಾದಾಗ ಅವರಪ್ಪ ಮಿಶನ್ ದವಾಖಾನ್ಯಾಗ ಬಿಟ್ಟು ಹೋದನಂತ. ಉಳದ್ಲು, ಅಲ್ಲೇ ಬೋರ್ಡಿಂಗಿನ್ಯಾಗ ಬೆಳದ್ಲು, ದೀಕ್ಷಾಸ್ನಾನ ತೊಗೊಂಡು ರಾಹೇಲವ್ವ ಆದ್ಲು. ಊರಾಗ ಉಳದಾಕಿ ಅಕ್ಕ ಲಗಮವ್ವ. ಇಬ್ಬರೂ ವರ್ಷಕ್ಕ ಒಂದೆರಡು ಸಲ ಕೂಡ್ತಿದ್ರು. ಒಬ್ಬಾಕಿ ಹಣಿಮ್ಯಾಲ ಭಂಡಾರ, ಇನ್ನೊಬ್ಬಾಕಿ ಹಣಿ ಖಾಲಿ. ಕೈ ಕೈ ಹಿಡಕೊಂಡು ಕಟ್ಟಿಮ್ಯಾಲ ಕೂತ್ರಂದ್ರ ಹೊತ್ತು ಮುಣುಗೋದೂ ಗೊತ್ತಾಗ್ತಿರಲಿಲ್ಲ. ನನಗ ಹತ್ತು ವರ್ಷ ಆದಾಗ ಲಗಮವ್ವ ತೀರಿಕೊಂಡ್ಲು. ಅಪ್ಪಗ ರಜಾ ಸಿಗಲಿಲ್ಲ, ಆಯಿ ನನ್ನ ಕರಕೊಂಡು ಮೋಟರ್ ಹತ್ತಿದ್ಲು. ಮಣ್ಣು ಕೊಟ್ಟ ಮೂರನೇ ದಿನ ಗೋರಿ ಮುಂದ ಕಾಗಿಗೆ ಎಡಿ ಇಟ್ರು. ಬಿಳಿಜೋಳದ ರೊಟ್ಟಿ, ಝುಣಕ, ಹೋಳಗಿ. ಜಾಲಿ ಗಿಡದಾಗ ಕಾಗಿ ಕೂತಿದ್ವು, ಒಂದೂ ಕೆಳಗ ಇಳೀಲಿಲ್ಲ. ಮಗ ಮಾಳಪ್ಪ ಇಟ್ಟು ನೋಡಿದ, ಸೊಸಿ ಇಟ್ಲು, ಹೆಣ್ಣಮಕ್ಕಳೆಲ್ಲ ಇಟ್ರು. ಬಿಸಲು ನೆತ್ತಿಗೆ ಬಂತು. ಸತ್ತಾಕಿ ಮನಸಿನ್ಯಾಗ ಏನೋ ಉಳದೈತಿ ಅಂತ ಹೆಂಗಸರು ಅಳಾಕ ಹತ್ತಿದ್ರು. ಆಗ ಮಾಳಪ್ಪ ಬಂದು ಆಯಿ ಕಾಲು ಹಿಡದ.

"ಚಿಗವ್ವಾ, ನೀ ಇಡು ಬೇ. ಅವ್ವ ಕಡೀತನಕ ನಿನ್ನ ಹೆಸರೇ ತೊಗೊಂಡಾಳ."

ಆಯಿ ಒಂದು ಗಳಿಗಿ ಕಣ್ಣು ಮುಚ್ಚಿ ನಿಂತಿದ್ದು ನನಗ ಇನ್ನೂ ಕಾಣತೈತಿ. ಒಳಗಿನಾಂವನ್ನ ಕೇಳಾಕತ್ತಿದ್ಲು ಅಂತ ಈಗ ತಿಳೀತೈತಿ. ಆಮ್ಯಾಲ ಕುಂತು, ರೊಟ್ಟಿ ಮುರದು, ಹೋಳಗಿ ಮ್ಯಾಲಿಟ್ಟು, ಅಕ್ಕಾ ನಾ ಬಂದೇನಿ, ಉಣ್ಣು ಅಂತ ಸಣ್ಣ ದನಿಲೆ ಅಂದ್ಲು. ಒಂದು ಕಾಗಿ ಇಳೀತು, ಅದರ ಹಿಂದ ಉಳದಾವೆಲ್ಲ ಇಳದ್ವು. ಎಲ್ಲಾರೂ ಉಸರು ಬಿಟ್ರು, ಅಲ್ಲೇ ನೆರಳಿಗೆ ಕೂತು ಉಳದ ಎಡಿ ಹಂಚಿಕೊಂಡು ಉಂಡ್ರು. ಆಯಿ ತಾನೂ ಉಂಡ್ಲು, ನನಗೂ ಉಣಿಸಿದ್ಲು. ಅಷ್ಟು ರುಚಿ ಹೋಳಗಿ ನಾ ಮುಂದ ಎಲ್ಲೂ ಉಂಡಿಲ್ಲ.

ಈಗ ನನ್ನ ಪಾಲಿಂದು. ಮುಂದಿನ ಆಯ್ತಾರ ಸಾಲ್ಯಾಗ, ಅಂದ್ರ ಚರ್ಚಿನ್ಯಾಗ ಹುಡುಗರಿಗೆ ಪಾಠ ಹೇಳೋ ತಾಸಿನ್ಯಾಗ, ಅಕ್ಕೋರು ಸತ್ತವರ ಬಗ್ಗೆ ಹೇಳಾಕತ್ತಿದ್ರು. ಸತ್ತವರು ನಿದ್ದಿ ಮಾಡ್ತಿರ್ತಾರ, ಕರದ್ರ ಅವರಿಗೆ ಕೇಳಂಗಿಲ್ಲ ಅಂದ್ರು. ನಾ ದೊಡ್ಡ ಶಾಣ್ಯಾಕಿ, ಕೈ ಎತ್ತಿ ನಿಂತೆ. ಕೇಳತೈತ್ರಿ, ನಮ್ಮ ಆಯಿ ಕರದ ಕೂಡ್ಲೇ ದೊಡ್ಡಾಯಿ ಕಾಗಿ ಆಗಿ ಬಂದು ಉಂಡು ಹೋದ್ಲು, ನಾವೂ ಉಂಡ್ವಿ ಅಂತ ಹೇಳಿದೆ. ಹುಡುಗರು ನಕ್ರು. ಅಕ್ಕೋರು ನಗಲಿಲ್ಲ. ನನ್ನ ಆಮ್ಯಾಲ ಬ್ಯಾರೆ ಕರದು, ಎಡಿ ಇಟ್ಟವರು ಯಾರು, ಉಂಡವರು ಯಾರು ಅಂತ ಸಮಾಧಾನದಿಂದ ಕೇಳಿದ್ರು. ಯಾರೋ ನನ್ನ ಮಾತು ಇಷ್ಟು ಕಿವಿಗೊಟ್ಟು ಕೇಳಾಕತ್ತಾರಲ್ಲ ಅಂತ ಉಬ್ಬಿ ಎಲ್ಲಾ ಹೇಳಿದೆ. ಆ ಹತ್ತು ವರ್ಷದ ಹುಡುಗಿ ಈಗ ಕೈಗೆ ಸಿಕ್ರ ಆಕಿ ಬಾಯಿ ಮುಚ್ಚಬೇಕು ಅನಿಸತೈತಿ.

ಎರಡು ದಿನ ಬಿಟ್ಟು ಪಾದ್ರಿ ಸಾಹೇಬ್ರು, ಇಬ್ಬರು ಹಿರಿಯರು ನಮ್ಮ ಪಡಸಾಲ್ಯಾಗ ಬಂದು ಕೂತ್ರು. ಮೂರನೇ ಹಿರಿಯ ಅಪ್ಪ, ಅಂವಾ ತನ್ನ ಮನ್ಯಾಗೇ ಬಂದವರ ಜೋಡಿ ಆ ಬಾಜೂ ಕೂತ. ಸತ್ತವರಿಗೆ ಎಡಿ ಇಡೋದು, ಆ ಎಡಿ ಉಣ್ಣೋದು, ಎರಡೂ ಸಭಾದ ನಿಯಮಕ್ಕ ಪಾಪ. ಅದಕ್ಕ ಶಿಕ್ಷಾನೂ ಬಾಳ ದೊಡ್ಡದಲ್ಲ. ಆಯ್ತಾರ ದಿನ ಎಲ್ಲಾರ ಮುಂದ ಎದ್ದು ನಿಂತು, ನನ್ನಿಂದ ಪಾಪ ಆಗೈತಿ, ತಪ್ಪಾತು ಅಂದುಬಿಟ್ರ ಮುಗೀತು. ಅನ್ನದಿದ್ರ ಕರ್ತನ ಭೋಜನದಿಂದ ಹೊರಗ. ಆಯಿ ಅವರಿಗೆಲ್ಲ ಚಾ ಕೊಟ್ಟು, ಸೆರಗು ಹೊದ್ದು, ಬಾಗಲದಾಗ ನಿಂತು ಹೇಳಿದ್ಲು.

"ನಾ ದೇವರು ಅಂತ ಯಾರಿಗೂ ಕೈ ಮುಗೀಲಿಲ್ರಿ. ನಮ್ಮಕ್ಕಗ ಒಂದು ತುತ್ತು ಇಟ್ಟೇನಿ. ನನ್ನ ಮನಸು ಅದನ್ನ ಪಾಪ ಅಂದಿಲ್ಲ. ಅಂದಿಲ್ಲದ್ದನ್ನ ಅಂದೈತಿ ಅಂತ ದೇವರ ಮುಂದ ನಿಂತು ಹೇಳಿದ್ರ, ಅದು ಪಾಪಾಕ್ಕೈತ್ರಿ."

ಆ ತಿಂಗಳು ಹೆಸರು ಓದೋ ಪಾಳಿ ಅಪ್ಪಂದು. ಬ್ಯಾರೆದವರು ಓದ್ತೇವಿ ಅಂದ್ರೂ ಕೇಳಲಿಲ್ಲ, ಪಾಳಿ ಅಂದ್ರ ಪಾಳಿ. ಭೋಜನದಿಂದ ಹೊರಗಿಟ್ಟವರ ಹೆಸರು ಓದೋವಾಗ ರಾಹೇಲವ್ವ ಅಂತ ತನ್ನ ಹಡದವ್ವನ ಹೆಸರು ಓದಿದ, ದನಿ ಒಂದೀಟೂ ನಡುಗಲಿಲ್ಲ. ನನಗ ಆವತ್ತು ಅಪ್ಪನ ಮ್ಯಾಲ ಬಂದಷ್ಟು ಸಿಟ್ಟು ಯಾರ ಮ್ಯಾಲೂ ಬಂದಿಲ್ಲ. ಆಯಿ ಮಾತ್ರ ಎದ್ದು ಹೋಗಿ ಹಿಂದಿನ ಬಾಕಿನ ಮ್ಯಾಲ ಕೂತ್ಲು, ಮುಂದಿನ ತಿಂಗಳೂ ಬಂದು ಅಲ್ಲೇ ಕೂತ್ಲು. ಹಿಂದಿನ ದಿನ ಮಣೂಕಾನೂ ಕುದಿಸಿದ್ಲು. ಆಕಿ ಕೈಯಿಂದ ರಸ ತೊಗೊಬೇಕೋ ಬ್ಯಾಡೋ ಅಂತ ಹಿರಿಯರೊಳಗ ಮಾತಾತಂತ. ಬಾಟ್ಲಿಗೇನು ಪಾಪ ಹತ್ತಿಲ್ಲ ಅಂತ ಪಾದ್ರಿ ಸಾಹೇಬ್ರು ಮುಗಿಸಿದ್ರಂತ. ಹಿಂಗ ಎರಡು ವರ್ಷ, ಸಭಾ ಎಲ್ಲಾ ಆಕಿ ಹಿಂಡಿದ ರಸ ಕುಡೀತು, ಆಕಿ ಹಿಂದ ಕೂತು ನೋಡಿದ್ಲು. ಅವ್ವ ಒಂದಿನ ನನ್ನ ಮಾರಿ ನೋಡಿ, ಏನೈತಿ ಅದನ್ನ ಯಾರ ಮುಂದರ ಹೇಳಿಬಿಡು, ಹಗುರಾಕ್ಕೈತಿ ಅಂದ್ಲು. ನಾ ಆಯಿ ಕಡೆ ಹೋಗಿ ಅತ್ತೆ. ಚರ್ಚಿನ್ಯಾಗ ಹೇಳಿದಾಕಿ ನಾನೇ ಅಂದೆ. ಆಕಿಗೆ ಮೊದಲ ದಿನದಿಂದ ಗೊತ್ತಿತ್ತು.

"ನೀ ಖರೇ ಹೇಳಿದಿ, ನಾನೂ ಖರೇನ ಹೇಳಾಕತ್ತೇನಿ. ಅಳೂದೇನೈತಿ ಇದರಾಗ" ಅಂದು ನನ್ನ ಮೂಗು ಸೆರಗಿಲೆ ಒರಸಿದ್ಲು. ಹಗುರ ಆಗಲಿಲ್ಲ ನನಗ.

ನನಗ ಹನ್ನೆರಡು ಆದಾಗ ಆಯಿ ಹಾಸಿಗಿ ಹಿಡದ್ಲು. ಕಾಲು ಬಾತು, ಮಲಗಿದ್ರ ಉಸರು ಹತ್ತಿ, ದಿಂಬಿಗೆ ಆನಿಕೊಂಡು ಕೂತೇ ಇರ್ತಿದ್ಲು. ಡಾಕ್ಟರು ಇನ್ನ ಕೆಲವು ದಿನ ಅಂದ್ರು. ಆಯಿ ಕೇಳಿದ್ದು ಒಂದೇ, ಒಮ್ಮೆ ಕರ್ತನ ಭೋಜನ ಮಾಡಿ ಹೋಗಬೇಕು ಅಂತ. ಮಧ್ಯಾಹ್ನದಾಗ ಪಾದ್ರಿ ಸಾಹೇಬ್ರು ರೊಟ್ಟಿ, ಬಟ್ಟಲು ಇಟ್ಟ ಸಣ್ಣ ಪೆಟ್ಟಿಗಿ ತೊಗೊಂಡು ಬಂದ್ರು. ಒಳ್ಳೆ ಮನಿಷ್ಯಾ, ಸುಳ್ಳು ಯಾಕ ಹೇಳ್ಲಿ. ಸಭಾದ ಮುಂದ ಬ್ಯಾಡ, ಇಲ್ಲೇ, ನನ್ನ ಕಿವ್ಯಾಗ ಅನ್ರಿ, ತಪ್ಪಾತು ಅನ್ನೋದೊಂದೇ ಮಾತು, ಯಾರಿಗೂ ಗೊತ್ತಾಗಂಗಿಲ್ಲ ಅಂತ ಬೇಡಿಕೊಂಡ್ರು. ಅಡಗಿಮನಿ ಬಾಗಲದಾಗ ನಿಂತ ಅವ್ವ, ಅತ್ತೀ, ಕಿವ್ಯಾಗ ಅಂದ್ರ ಆತಲ್ರಿ ಅಂದ್ಲು. ಅಪ್ಪ ಆಯಿ ಕಾಲಾಗ ಕೂತು ಯವ್ವಾ, ಅಂದುಬಿಡು ಅಂದ. ಆಯಿಗೆ ಒಂದೊಂದು ಶಬ್ದಕ್ಕೂ ಉಸರು ಬೇಕಾಗಿತ್ತು.

"ಸುಳ್ಳು ಹೇಳಿದ ಬಾಯಾಗ ಕರ್ತನ ರೊಟ್ಟಿ ಹೆಂಗ ಇಟ್ಕೊಳ್ಲೆಪ್ಪಾ?"

ಪಾದ್ರಿ ಸಾಹೇಬ್ರು ಪೆಟ್ಟಿಗಿ ತಗೀದೇನೇ ಎದ್ರು. ಅವರ ಕಣ್ಣೂ ಒದ್ದಿ ಆಗಿದ್ವು. ಅಪ್ಪ ಅವರನ್ನ ಓಣಿ ತುದಿತನಕ ಕಳಿಸಿ ಬಂದ. ಬಂದಾಂವ ಹಿತ್ತಲಕ್ಕ ಹೋಗಿ ಕೈ ಕಾಲು ತೊಳಕೊಂಡ. ಅಡಗಿಮನ್ಯಾಗಿನ ಬುಟ್ಟಿಯಿಂದ ಒಂದು ಜೋಳದ ರೊಟ್ಟಿ ತಗದ, ಆಯಿ ಹಾಸಿಗಿ ಹಿಡದ ಮ್ಯಾಲ ಮಣೂಕ ಕುದಿಸೋ ಕೆಲಸ ಅವ್ವ ಮಾಡ್ತಿದ್ಲಲ್ಲ, ಆ ಬಾಟ್ಲಿಯಿಂದ ರಸ ಸಣ್ಣ ಲೋಟಕ್ಕ ಹಾಕಿದ. ಏನು ಮಾಡಾಕತ್ತಾನ ಅಂತ ತಿಳದ ಕೂಡ್ಲೇ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡ್ಲು. ದೀಕ್ಷಾ ತೊಗೊಂಡ ಪಾದ್ರಿ ಬಿಟ್ರ ಬ್ಯಾರೆ ಯಾರೂ ಕರ್ತನ ಭೋಜನ ಕೊಡಂಗಿಲ್ಲ. ಹೊರಗಿಟ್ಟವರಿಗೆ ಕೊಡೋದಂತೂ ದೂರ. ಆ ನಿಯಮ ಸಭಾದಾಗ ಎಲ್ಲಾರಿಗಿಂತ ಚೊಲೋ ಗೊತ್ತಿದ್ದಾಂವ ಅಪ್ಪ. ರೊಟ್ಟಿ ಮುರದು ಆಯಿ ಮುಂದ ಹಿಡದ. ಆಯಿ ರೊಟ್ಟಿ ನೋಡಲಿಲ್ಲ, ಅವನ ಮಾರಿ ನೋಡಿದ್ಲು.

"ಇದು ನಿನಗ ಪಾಪ ಅನಸಾಂಗಿಲ್ಲೇನೋ?"

"ಅನಸತೈತಿ."

"ಮತ್ತ?"

"ತೊಗೊ ಬೇ ಯವ್ವಾ."

ಆಯಿ ತೊಗೊಂಡ್ಲು. ಸಾವಕಾಶ ಜಗದು ನುಂಗಿ, ಲೋಟದಾಗಿಂದು ಎರಡು ಗುಟುಕು ಕುಡದ್ಲು. ತನ್ನ ಒಳಗಿನಾಂವನ ಮಾತು ಜೀವಕ್ಕಿಂತ ದೊಡ್ಡದು ಅಂದಾಕಿ, ಮಗನ ಒಳಗಿನಾಂವ ಬ್ಯಾಡ ಅಂತಿದ್ದಾಗ ಹೆಂಗ ತೊಗೊಂಡ್ಲು ಅಂತ ನಾ ಎಷ್ಟೋ ಸಲ ಕೇಳಿಕೊಂಡೇನಿ. ಬ್ಯಾಡ ಅಂದಿದ್ರ ಅಪ್ಪ ಆವತ್ತೇ ಮುರದು ಬೀಳ್ತಿದ್ದ ಅನಸತೈತಿ. ಹಂಗೇ ಇರಲಿ, ಆಕಿ ಮನಸಿನ್ಯಾಗಿಂದು ಆಕಿ ಜೋಡೀನ ಹೋತು. ಮೂರು ದಿನಕ್ಕ ತೀರಿಕೊಂಡ್ಲು.

ಮುಂದಿನ ತಿಂಗಳ ಮೊದಲನೇ ಆಯ್ತಾರ, ಯಾರೂ ಕೇಳದೇ, ಯಾರಿಗೂ ಗೊತ್ತಿಲ್ಲದೇ, ಅಪ್ಪ ಎದ್ದು ಮುಂದ ಹೋಗಿ ನಿಂತ. ಹೆಸರು ಓದಿದ ಅದೇ ದನಿಲೆ, ನನ್ನ ತಾಯಿಗೆ ನಾನೇ ರೊಟ್ಟಿ, ಬಟ್ಟಲು ಕೊಟ್ಟೇನಿ, ನಿಯಮ ಮುರದೇನಿ, ಅದು ಪಾಪ ಅಂತ ನನಗ ಗೊತ್ತೈತಿ ಅಂದ. ಪಾದ್ರಿ ಸಾಹೇಬ್ರಿಗೆ ಸಮಾಧಾನ ಆದಂಗ ಕಂಡಿತು, ಅವರು ಆ ಹೊತ್ತಿಗೆ ಕೇಳಬೇಕಾದ್ದನ್ನ ಕೇಳಿದ್ರು, ಪಶ್ಚಾತ್ತಾಪ ಪಡ್ತೀರೇನು ಅಂತ. ಹೌದು ಅಂದಿದ್ರ ಅಲ್ಲಿಗೆ ಮುಗೀತಿತ್ತು. ಅಪ್ಪ ಸುಳ್ಳು ಹೇಳೋ ಪೈಕಿ ಅಲ್ಲ.

"ಇಲ್ರಿ" ಅಂದ.

ಅದಾದ ಮ್ಯಾಲ ಅಪ್ಪ ಇನ್ನೂ ಬಾಳ ವರ್ಷ ಬದುಕಿದ, ಹಿರಿಯತನ ಹೋತು, ಭೋಜನದಿಂದನೂ ಹೊರಗಾದ, ಆದ್ರ ಒಂದು ಆಯ್ತಾರಾನೂ ಚರ್ಚು ತಪ್ಪಿಸಲಿಲ್ಲ. ಸಭಾದ್ದು ತಪ್ಪು ಅಂತ ಒಂದಿನಾನೂ ಬಾಯಿ ಬಿಡಲಿಲ್ಲ, ನನಗ ಆಗಬೇಕಾದ್ದೇ ಆಗೈತಿ ಅಂತಿದ್ದ. ಹದಿನೈದಕ್ಕ ನಾನೂ ದೃಢೀಕರಣ ತೊಗೊಂಡು ಭೋಜನಕ್ಕ ಹೋಗೋಳಾದೆ. ಬಾಕಿನ ತುದಿಗೆ ಅಪ್ಪ, ಒಳಗ ನಾನು, ಅವ್ವ. ಎಲ್ಲಾರೂ ಎದ್ದು ಮುಂದ ಹೋಗೋ ಹೊತ್ತಿಗೆ ಅಂವಾ ಕೂತಲ್ಲೇ ಕೂತು, ನಾವು ದಾಟಿ ಹೋಗಾಕ ಹಾದಿ ಆಗಲಿ ಅಂತ ಮೊಣಕಾಲು ಬಾಜೂಕ್ಕ ಸರಿಸ್ತಿದ್ದ. ನಾ ದಾಟಿ ಹೋಗ್ತಿದ್ದೆ. ಆ ಮನಿ ಇಲ್ಲ, ಆ ಮೂವರೂ ಇಲ್ಲ, ನಾ ಇನ್ನೂ ಹೋಗ್ತೇನಿ. ಪ್ರತಿ ಸಲ ಎದ್ದು ನಿಂತಾಗ, ಬಾಕಿನ ತುದಿಗೆ ಯಾರೂ ಇಲ್ಲ ಅಂತ ಗೊತ್ತಿದ್ರೂ, ಒಂದು ಗಳಿಗಿ ನಿಂತು ಆಮ್ಯಾಲ ದಾಟತೇನಿ.