ಜರ್ಮನ್ ಶಾಲೆ ಮತ್ತು ಕೃಪಾಳ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚನ್ನು ಕೃಪಾಳಷ್ಟು ಬಾಯಿಬಿಟ್ಟು ಪಟ್ಟವರು ಮೆಲ್ಬರ್ನಿನ ಪಾಯಿಂಟ್ ಕುಕ್ ಬಡಾವಣೆಯ ಕನ್ನಡದವರಲ್ಲಿ ಇನ್ನೊಬ್ಬರಿರಲಿಲ್ಲ. ಉಳಿದವರು ಅದನ್ನು ನಗೆಯ ಕೆಳಗೆ ಮಡಚಿಟ್ಟು, ಕಂಗ್ರಾಟ್ಸ್ ಹೇಳಿ, ಮನೆಗೆ ಹೋದ ಮೇಲೆ ಗಂಡನ ಮುಂದೆ ಬೇಯುತ್ತಿದ್ದರು. ಕೃಪಾ ಎದುರಿಗೇ ಹೇಳಿ ಮುಗಿಸುತ್ತಿದ್ದಳು. ಯಾರದೋ ಹೊಸ ಸೋಫಾ, ಯಾರದೋ ಸಪೂರ ಸೊಂಟ, ಯಾರದೋ ಅತ್ತೆ ಊರಿನಿಂದ ತಂದ ರೊಟ್ಟಿ, ಯಾವುದನ್ನೂ ಬಿಡುತ್ತಿರಲಿಲ್ಲ. ಸಿಡ್ನಿಯಲ್ಲಿದ್ದ ಗೆಳತಿ ಚಿನ್ಮಯಿಯ ಮನೆಗೆ ಮೊದಲ ಸಲ ಹೋದಾಗ ಎರಡು ಹಜಾರಗಳನ್ನೂ ಕಲ್ಲಿನ ಅಡುಗೆಕಟ್ಟೆಯನ್ನೂ ಸುಮ್ಮನೆ ದಾಟಿ, ಹಿತ್ತಲಲ್ಲಿ ಆಳೆತ್ತರ ಬೆಳೆದ ಕರಿಬೇವಿನ ಮುಂದೆ ನಿಂತುಬಿಟ್ಟಳು. ಮೆಲ್ಬರ್ನಿನ ಚಳಿಗೆ ಅವಳ ಗಿಡ ವರ್ಷದಲ್ಲಿ ಅರ್ಧ ಕಾಲ ಬಟ್ಟೆ ಒಗೆಯುವ ಕೋಣೆಯಲ್ಲಿ ಬದುಕುತ್ತಿತ್ತು.

"ಮನಿಗಲ್ಲವಾ, ಈ ಗಿಡಕ್ಕ ನನಗ ಹೊಟ್ಟಿಕಿಚ್ಚು. ನಿಮ್ಮ ಬಿಸಿಲು ಒಂದ್ ಚೂರು ನಮಗ ಕಳಿಸಿದ್ರ ನಿಮ್ಮಪ್ಪನ ಗಂಟೇನ್ ಹೋಗ್ತಿತ್ತು?" ಎಂದಳು. ಚಿನ್ಮಯಿ ನಕ್ಕು, ತೋಳು ತುಂಬ ಕರಿಬೇವು ಮುರಿದುಕೊಟ್ಟಳು.

ಹೀಗೆ ಹೇಳಿ ಕಳೆದುಕೊಳ್ಳಲಾಗದ ಹೊಟ್ಟೆಕಿಚ್ಚು ಅವಳಲ್ಲಿ ಒಂದೇ ಒಂದಿತ್ತು. ಅದು ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಲ್ಲ, ಜರ್ಮನಿಯಲ್ಲಿ.

ರಾಣೆಬೆನ್ನೂರಿನ ಕೃಪಾ, ಮೈಸೂರಿನ ಚಿನ್ಮಯಿ ಇಬ್ಬರೂ ಮದುವೆಯಾದ ಹೊಸದರಲ್ಲಿ ಎರ್ಲಾಂಗೆನ್ ಎಂಬ ಊರಿಗೆ ಹೋದವರು. ಗಂಡಂದಿರು ಒಂದೇ ಕಡೆ ಎಂಜಿನಿಯರುಗಳು. ಕೃಪಾಳ ಮಗ ದರ್ಶನ್, ಚಿನ್ಮಯಿಯ ಮಗಳು ಆದ್ಯಾ ಒಂದೇ ವರ್ಷ ಹುಟ್ಟಿ ಒಂದೇ ಶಾಲೆ ಸೇರಿದರು. ಆ ದೇಶದಲ್ಲಿ ಮಗು ಒಂದನೇ ತರಗತಿಗೆ ಹೋಗುವ ದಿನ ಬಣ್ಣದ ಕಾಗದದ ದೊಡ್ಡ ಕೊಳವಿಯೊಂದನ್ನು ಅಪ್ಪಿಕೊಂಡು ಹೋಗಬೇಕು. ಅದರ ತುಂಬ ಮಿಠಾಯಿ, ಪೆನ್ಸಿಲ್ಲು. ಮಾಡಿ ಕೊಡಬೇಕಾದವಳು ತಾಯಿ. ಕೃಪಾ ವಾರವಿಡೀ ಅಂಟು ಹಚ್ಚಿ, ಬೇಸನ್ ಉಂಡೆ ತುಂಬಿಸಿ, ರೈಲಿನ ಚಿತ್ರ ಮೆತ್ತಿದ ಕೊಳವಿ ಮಾಡಿದ್ದಳು. ಶಾಲೆಯ ಅಂಗಳಕ್ಕೆ ಹೋಗಿ ನೋಡಿದರೆ ಆದ್ಯಾಳ ಕೊಳವಿ ದರ್ಶನನದಕ್ಕಿಂತ ಒಂದು ಗೇಣು ಉದ್ದವಿತ್ತು. ಅಂದಿನ ಫೋಟೋದಲ್ಲಿ ಮಕ್ಕಳಿಬ್ಬರೂ ಕ್ಯಾಮೆರಾ ನೋಡುತ್ತಿದ್ದಾರೆ, ಕೃಪಾ ಮಾತ್ರ ಆ ಕೊಳವಿಯನ್ನು.

ಶಾಲೆ ಮಧ್ಯಾಹ್ನದ ಊಟದ ಹೊತ್ತಿಗೆ ಬಿಡುತ್ತಿತ್ತು. ಅಲ್ಲಿ ಅಂಕವೆಂದರೆ ಒಂದರಿಂದ ಆರು. ಒಂದು ಬಂದರೆ ಬಹಳ ಜಾಣ, ಆರು ಬಂದರೆ ನಪಾಸು. ದರ್ಶನನಿಗೆ ಮೊದಲ ಸಲ ಗಣಿತದಲ್ಲಿ ಮೂರು ಬಂದಾಗ ಅವನ ಅಪ್ಪ ಅಜಯ್ ಅದನ್ನು ಫೋನಿನಲ್ಲಿ ತನ್ನ ತಾಯಿ ದ್ಯಾಮವ್ವನವರಿಗೆ ಹೇಳಿದ. ಮೂರು ಎಂದರೆ ತರಗತಿಗೇ ಮೂರನೆಯವನು ಎಂದು ತಿಳಿದ ದ್ಯಾಮವ್ವ ರಾಣೆಬೆನ್ನೂರಿನ ಓಣಿಗೆಲ್ಲ ಪೇಡೆ ಹಂಚಿದರು. ಅಜಯ್ ತಿದ್ದಲು ಹೋದರೆ ಕೃಪಾ ಫೋನು ಕಸಿದುಕೊಂಡಳು. ಹಂಚಿದ ಪೇಡೆಯನ್ನು ವಾಪಸ್ಸು ಕೇಳಲಾಗುತ್ತದೆಯೇ?

ನಾಲ್ಕನೇ ತರಗತಿಯ ಮೇ ತಿಂಗಳಲ್ಲಿ ನಗೆ ನಿಂತಿತು. ಎರ್ಲಾಂಗೆನ್ ಇರುವ ಬವೇರಿಯಾ ರಾಜ್ಯದಲ್ಲಿ ಮಕ್ಕಳ ದಾರಿ ಕವಲೊಡೆಯುವುದು ಹತ್ತನೇ ವಯಸ್ಸಿಗೇ. ಜರ್ಮನ್, ಗಣಿತ, ಪರಿಸರ ಪಾಠ ಈ ಮೂರರ ಸರಾಸರಿ ನೋಡುತ್ತಾರೆ. ಚೆನ್ನಾಗಿದ್ದವರು ಗಿಮ್ನಾಜಿಯುಮ್ ಎಂಬ ಶಾಲೆಗೆ, ಅಲ್ಲಿಂದ ಮುಂದೆ ಯೂನಿವರ್ಸಿಟಿಗೆ. ನಡುವಿನವರು ರಿಯಾಲ್‌ಶೂಲೆಗೆ. ಉಳಿದವರು ಮೂರನೆಯ ಶಾಲೆಗೆ, ಅಲ್ಲಿಂದ ಬೇಗ ಕೈಕಸುಬಿಗೆ. ಆದ್ಯಾ ಸುಲಭವಾಗಿ ಮೊದಲನೆಯದಕ್ಕೆ ಹೋದಳು. ದರ್ಶನ್ ಕೂದಲೆಳೆಯಷ್ಟರಲ್ಲಿ ಅದನ್ನು ಕಳೆದುಕೊಂಡು ನಡುವಿನದಕ್ಕೆ ಬಿದ್ದ. ಹೀಗೆ ತಪ್ಪಿದವರಿಗೆ ಗಿಮ್ನಾಜಿಯುಮ್ ಕೊಡುವ ಇನ್ನೊಂದು ಅವಕಾಶ, ಮೂರು ದಿನದ ಪರೀಕ್ಷಾ ಪಾಠಕ್ಕೆ ಕೃಪಾ ಅವನನ್ನು ಕೂರಿಸಿ ನೋಡಿದಳು, ಅಲ್ಲೂ ಆಗಲಿಲ್ಲ.

ಟೀಚರ್ ಫ್ರಾವ್ ಬ್ರೆನ್ನರ್ ಕೂರಿಸಿಕೊಂಡು ಸಮಾಧಾನವಾಗಿ ವಿವರಿಸಿದರು. ಈ ದಾರಿಗಳ ನಡುವೆ ಬಾಗಿಲುಗಳಿವೆ, ಹದಿನಾರಕ್ಕೆ ಹುಡುಗ ಮತ್ತೆ ಮೇಲಕ್ಕೆ ಹೋಗಬಹುದು, ಕಸುಬು ಕಲಿತರೂ ಅದು ಸಣ್ಣದಲ್ಲ, ನಿಮ್ಮ ಮಗ ಕೈಯಿಂದ ಯೋಚಿಸುವವನು ಎಂದರು. ಕೃಪಾಳ ಕಿವಿಗೆ ಇದ್ಯಾವುದೂ ಇಳಿಯಲಿಲ್ಲ. ಪಕ್ಕದ ಕೋಣೆಯಿಂದ ಚಿನ್ಮಯಿ ಸಂತೋಷಕ್ಕೆ ಕೆಂಪೇರಿದ ಮುಖದಿಂದ ಹೊರಬಂದದ್ದು ಮಾತ್ರ ಕಣ್ಣಿಗೆ ಬಿತ್ತು.

"ಹತ್ತು ವರ್ಷದ ಕೂಸನ್ನ ಸೋಸಾಕ ಅದೇನ್ ಚಹಾ ಐತೇನು?" ಎಂದು ಅಂದು ಅಜಯನ ಮುಂದೆ ಕೂತಳು. ಏಳುವ ಹೊತ್ತಿಗೆ ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕುವುದೆಂದು ತೀರ್ಮಾನವಾಗಿತ್ತು. ಅಜಯ್ ಒಳ್ಳೆಯ ಕೆಲಸ ಬಿಟ್ಟ. ಜರ್ಮನ್ ಶಾಲೆಯ ಬಾಗಿಲು ಹಿಂದಿನಿಂದ ಮುಚ್ಚಿದ್ದಕ್ಕೆ ಕೃಪಾಳಿಗೆ ಕಿಂಚಿತ್ತೂ ವಿಷಾದವಿರಲಿಲ್ಲ.

ಮೆಲ್ಬರ್ನಿಗೆ ಬಂದು ನೋಡಿದರೆ ಸೋಸುವುದು ಇಲ್ಲೂ ಇತ್ತು. ಜರಡಿಯ ಹೆಸರು ಬೇರೆ. ಒಂಬತ್ತನೇ ತರಗತಿಗೆ ಪರೀಕ್ಷೆ ಬರೆಸಿ ಆರಿಸಿಕೊಳ್ಳುವ ಸರ್ಕಾರಿ ಶಾಲೆಗಳು. ಅದಕ್ಕೆ ಭಾನುವಾರಗಳೆಲ್ಲ ಕೋಚಿಂಗು. ದರ್ಶನ್ ಹೋದ, ಬರೆದ, ಆಗಲಿಲ್ಲ. ಅಷ್ಟರಲ್ಲಿ ಚಿನ್ಮಯಿಯ ಗಂಡನಿಗೂ ಸಿಡ್ನಿಯಲ್ಲಿ ಕೆಲಸ ಸಿಕ್ಕಿ ಅವರು ಬಂದಿಳಿದರು. ಅಲ್ಲಿಯ ಅಂಥದೇ ಶಾಲೆಗೆ ಆದ್ಯಾ ಮೊದಲ ಯತ್ನದಲ್ಲೇ ಆಯ್ಕೆಯಾದಳು. ಎರಡು ಖಂಡ ದಾಟಿದರೂ ಆ ಹುಡುಗಿ ಒಂದು ಗೇಣು ಮುಂದೆಯೇ ಇದ್ದಳು. ಚಿನ್ಮಯಿ ಫೋನಿನಲ್ಲಿ ಮಗಳ ವಿಷಯ ಎತ್ತಿದರೆ ಕೃಪಾ ಒಲೆ ಮೇಲೆ ಹಾಲಿದೆ ಎನ್ನುತ್ತಿದ್ದಳು. ಚಿನ್ಮಯಿಗೆ ಅರ್ಥವಾಯಿತು. ಎತ್ತುವುದನ್ನು ಬಿಟ್ಟಳು. ಅದು ಇನ್ನೂ ಚುಚ್ಚಿತು.

ಹನ್ನೊಂದನೇ ತರಗತಿಯ ರಜೆಯಲ್ಲಿ ದರ್ಶನ್ ತಾನೇ ಒಂದು ಕೆಲಸ ಹುಡುಕಿಕೊಂಡ. ವಿಂಡಮ್ ವೇಲ್‌ನಲ್ಲಿ ಸಾಲುಸಾಲಾಗಿ ಏಳುತ್ತಿದ್ದ ಹೊಸ ಮನೆಗಳಿಗೆ ವೈರ್ ಎಳೆಯುವ ಟೋನಿ ಎಂಬ ಎಲೆಕ್ಟ್ರಿಷಿಯನ್ ಹತ್ತಿರ ಸಾಮಾನು ಹೊರುವುದು. ಮನೆಗೆ ಬಂದವನ ಕೂದಲಲ್ಲಿ ಜಿಪ್ಸಂ ಪುಡಿ, ಬಾಯಲ್ಲಿ ಮಾತು. ಊಟಕ್ಕೆ ಕೂತರೆ ಹತ್ತು ಪದ ಆಡದ ಹುಡುಗ, ಗೋಡೆಯೊಳಗೆ ತಂತಿ ಹೇಗೆ ಹೋಗುತ್ತದೆಂದು ಅಪ್ಪನಿಗೆ ಚಮಚ ಇಟ್ಟು ತೋರಿಸುತ್ತಿದ್ದ. ಕೃಪಾ ಚಮಚ ತೆಗೆದು ಸಾರಿಗೆ ಹಾಕುತ್ತಿದ್ದಳು.

ಹನ್ನೆರಡನೆಯದು ಮುಗಿಯುವಾಗ ಟೋನಿ ಅವನನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತೇನೆಂದ. ನಾಲ್ಕು ವರ್ಷ ಕೆಲಸದ ಜೊತೆಗೇ ಟೇಫ್ ಎಂಬ ತರಬೇತಿ ಕಾಲೇಜು, ಕೊನೆಗೆ ಲೈಸೆನ್ಸ್. ಕ್ರಿಸ್‌ಮಸ್ ರಜೆಯ ಮೊದಲು ಉತ್ತರ ಬೇಕು, ಇಲ್ಲದಿದ್ದರೆ ಬೇರೆ ಹುಡುಗನಿದ್ದಾನೆ. ದರ್ಶನನಿಗೆ ಹದಿನೆಂಟಾಗಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೂ ಕೇಳಿದ. ಕೃಪಾ ಆಗುವುದಿಲ್ಲವೆಂದಳು. ಮಾರ್ಕ್ಸ್ ಎಷ್ಟೇ ಬರಲಿ, ಯಾವುದಾದರೂ ಯೂನಿವರ್ಸಿಟಿ, ಯಾವುದಾದರೂ ಡಿಗ್ರಿ. ಅವನು ವಾದಿಸಲಿಲ್ಲ. ಟೋನಿಗೆ ಬೇಡವೆಂದೂ ಹೇಳಲಿಲ್ಲ. ಪ್ರತಿದಿನ ಬೆಳಿಗ್ಗೆ ಅಡುಗೆಮನೆಗೆ ಬಂದು ತಾಯಿಯ ಮುಖ ನೋಡಿ ಹೋಗುತ್ತಿದ್ದ.

"ಅವನಿಗೆ ಬೇಕಾಗೈತಿ, ಬಿಡ ಮತ್ತ," ಎಂದ ಅಜಯ್ ಒಂದು ದಿನ.

"ಆದ್ಯಾ ಡಾಕ್ಟರ್ ಆಗಬೇಕು, ಇವ ಅವ್ರ ಮನಿ ಫ್ಯಾನ್ ಕಟ್ಟಾಕ ಹೋಗಬೇಕು. ಹೌದಿಲ್ಲೋ?" ಕೃಪಾಳ ಬಾಯಿಂದ ಆ ಹೆಸರು ಹೀಗೆ ನೇರ ಬಂದದ್ದು ಅದೇ ಮೊದಲು.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ದರ್ಶನ್ ಪಾಸಾಗಿದ್ದ, ಅಷ್ಟೆ. ಆದ್ಯಾಳದು ತೊಂಬತ್ತೊಂಬತ್ತು ಚಿಲ್ಲರೆ. ಕ್ರಿಸ್‌ಮಸ್ ಹಿಂದಿನ ಶನಿವಾರ ಸಿಡ್ನಿಯ ಸ್ಕೋಫೀಲ್ಡ್ಸ್ ಬಡಾವಣೆಯ ತಮ್ಮ ಮನೆಯಲ್ಲಿ ಊಟ, ಮೂವರೂ ಬರಲೇಬೇಕೆಂದು ಚಿನ್ಮಯಿ ಕರೆದಳು. ಹೋಗದಿದ್ದರೆ ಹೊಟ್ಟೆಕಿಚ್ಚೆಂದು ತಿಳಿಯುತ್ತದೆ. ಹೋದರೆ ಹೊಟ್ಟೆ ಉರಿಯುತ್ತದೆ. ಕೃಪಾ ಎರಡು ದಿನ ಕೂತು ಶೇಂಗಾ ಹೋಳಿಗೆ ಮಾಡಿದಳು. ಹೊಟ್ಟೆಕಿಚ್ಚಿದ್ದಾಗ ಅವಳ ಕೈ ಅಡುಗೆ ಇನ್ನೂ ರುಚಿಯಾಗುತ್ತಿತ್ತು ಎನ್ನುವುದು ಉಂಡವರಿಗೆಲ್ಲ ಗೊತ್ತಿತ್ತು.

ದಿನವಿಡೀ ಕಾರಿನ ದಾರಿ. ಹಿಂದಿನ ಸೀಟಿನಲ್ಲಿ ದರ್ಶನ್ ಇಯರ್‌ಫೋನ್ ಹಾಕಿಕೊಂಡಿದ್ದ. ಅರ್ಧ ದಾರಿಯಲ್ಲಿ ಗಂಡಗೈ ಎಂಬ ಊರಿನ ಹತ್ತಿರ ಪೆಟ್ರೋಲ್ ಹಾಕಿಸುವಾಗ ಟೋನಿಯ ಮೆಸೇಜು ಬಂತು, ಸೋಮವಾರದೊಳಗೆ ಹೇಳಬೇಕಂತೆ. ಅವನು ಫೋನನ್ನು ತಾಯಿಯ ಮುಂದೆ ಹಿಡಿದ. ಅವಳು ಓದಿ, ಚಿತ್ರಾನ್ನದ ಡಬ್ಬಿ ತೆರೆದು ಕೊಟ್ಟಳು.

ಮರುದಿನ ಚಿನ್ಮಯಿಯ ಹಿತ್ತಲಿನ ನೆರಳಿನಲ್ಲಿ ಕುರ್ಚಿ ಹಾಕಿದ್ದರು. ಉರಿಬಿಸಿಲು. ಬಂದವರಲ್ಲಿ ಮುಕ್ಕಾಲುಪಾಲು ಡಾಕ್ಟರುಗಳು, ಎಂಜಿನಿಯರುಗಳು. ಆದ್ಯಾ ಬಂದು ಕೃಪಾ ಆಂಟಿಯ ಕಾಲಿಗೆ ಬಿದ್ದಳು. ಒಳ್ಳೆಯ ಹುಡುಗಿ. ಅದೂ ಒಂದು ಕಷ್ಟವೇ. ದ್ವೇಷಿಸಲು ಎಲ್ಲೂ ಹಿಡಿ ಸಿಗುತ್ತಿರಲಿಲ್ಲ. ಕೃಪಾ ಅವಳನ್ನು ಅಪ್ಪಿಕೊಂಡು, ತಲೆ ಸವರಿ, ಹೋಳಿಗೆ ಕೊಟ್ಟಳು.

ನಿವೃತ್ತ ಡಾಕ್ಟರ್ ರಾಮಮೂರ್ತಿ ಅಂಕಲ್ ತಟ್ಟೆ ಹಿಡಿದುಕೊಂಡು ದರ್ಶನನ ಮುಂದೆ ನಿಂತು, ಮುಂದೆ ಏನು ಮಾಡುತ್ತೀಯಪ್ಪ ಎಂದು ಕೇಳಿದರು. ಸುತ್ತಲಿನ ಮಾತು ಸ್ವಲ್ಪ ತಗ್ಗಿತು. ದರ್ಶನ್ ಬಾಯಿ ತೆರೆಯುವ ಮೊದಲೇ ಚಿನ್ಮಯಿ ಬಂದು ಅವನ ಭುಜದ ಮೇಲೆ ಕೈಯಿಟ್ಟಳು.

"ಅವನಿನ್ನೂ ಯೋಚ್ನೆ ಮಾಡ್ತಿದಾನೆ ಅಂಕಲ್. ಎಲ್ಲಾ ಮಕ್ಕಳಿಗೂ ಅವರವರದೇ ಟೈಮ್ ಅಂತ ಇರತ್ತಲ್ವಾ?"

ಅವಳ ದನಿ ಮೃದುವಾಗಿತ್ತು. ಕೃಪಾ ಆ ಕೈಯನ್ನು ನೋಡಿದಳು. ಇಷ್ಟು ವರ್ಷ ಅವಳು ಚಿನ್ಮಯಿಯನ್ನು ಕಂಡು ಕರುಬಿದ್ದಳು, ಆದರೆ ಸರಿಸಮಳೆಂದೇ ಕರುಬಿದ್ದಳು. ಆ ಭುಜದ ಮೇಲಿದ್ದದ್ದು ಕನಿಕರ.

"ಯೋಚನಿ ಗೀಚನಿ ಏನಿಲ್ರಿ ಅಂಕಲ್," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಎಲೆಕ್ಟ್ರಿಷಿಯನ್ ಆಗ್ತಾನ. ಜನವರಿಗೆ ಶುರು."

ದರ್ಶನನ ತಟ್ಟೆ ವಾಲಿತು. ಅಜಯ್ ನೀರು ಕುಡಿಯುವುದನ್ನು ನಿಲ್ಲಿಸಿದ.

ಒಮ್ಮೆ ಬಾಯಿ ತೆರೆದ ಮೇಲೆ ಕೃಪಾ ಅರ್ಧಕ್ಕೆ ಮುಚ್ಚುವವಳಲ್ಲ. ಕುರ್ಚಿ ಎಳೆದುಕೊಂಡು ಕೂತು, ಆ ಡಾಕ್ಟರುಗಳಿಗೆಲ್ಲ ಜರ್ಮನ್ ಶಾಲೆಗಳು ಹೇಗೆ ನಡೆಯುತ್ತವೆಂದು ಪಾಠ ಹೇಳಿದಳು. ಅಲ್ಲಿ ಕಸುಬು ಕಲಿಯುವ ಹುಡುಗ ವಾರದಲ್ಲಿ ಒಂದೆರಡು ದಿನ ಶಾಲೆಗೆ, ಉಳಿದ ದಿನ ಕೆಲಸಕ್ಕೆ ಹೋಗುತ್ತಾನೆ, ಕಲಿಯುವಾಗಲೇ ಸಂಬಳ ಬರುತ್ತದೆ. ಮುಂದೆ ಪರೀಕ್ಷೆ ಕೊಟ್ಟು ಮೈಸ್ಟರ್ ಆದರೆ ತನ್ನ ಕೈಕೆಳಗೆ ಹುಡುಗರನ್ನು ಇಟ್ಟುಕೊಳ್ಳಬಹುದು, ಬೇಕೆಂದರೆ ಯೂನಿವರ್ಸಿಟಿಗೂ ಹೋಗಬಹುದು. ಒಂದು ದಾರಿಯಿಂದ ಇನ್ನೊಂದಕ್ಕೆ ಬಾಗಿಲುಗಳಿವೆ. ಇವನ ಟೀಚರ್ ಫ್ರಾವ್ ಬ್ರೆನ್ನರ್ ಹತ್ತನೇ ವಯಸ್ಸಿಗೇ ಹೇಳಿದ್ದರು, ಕೈಯಿಂದ ಯೋಚಿಸುವ ಹುಡುಗ ಎಂದು. ಅಂದು ಕಿವಿಗೆ ಇಳಿಯಲಿಲ್ಲವೆಂದುಕೊಂಡ ಮಾತುಗಳೆಲ್ಲ ಒಂದೂ ತಪ್ಪದೆ ಹೊರಬಂದವು.

ರಾಮಮೂರ್ತಿ ಅಂಕಲ್ ಕನ್ನಡಕ ಸರಿಮಾಡಿಕೊಂಡರು. "ಅಲ್ಲಮ್ಮಾ, ಆ ಪದ್ಧತಿ ಬೇಡ ಅಂತ್ಲೇ ನೀವು ದೇಶ ಬಿಟ್ಟು ಓಡಿಬಂದ್ರಿ ಅಂತ ಕೇಳಿದ್ದೆ?"

"ಓಡಿ ಬಂದಿಲ್ರಿ. ಆವಾಗ ನನಗ ಪೂರ್ತಿ ತಿಳಿದಿದ್ದಿಲ್ಲ."

ಊಟ ಮುಂದುವರಿಯಿತು. ದರ್ಶನ್ ತಾಯಿಯ ಕುರ್ಚಿಯ ಹಿಂದೆ ಬಂದು ಬಾಗಿ, "ಮಮ್, ಸೀರಿಯಸ್ಲಿ?" ಎಂದ.

"ನಾಕ ಮಂದಿ ಮುಂದ ಅಂದುಬಿಟ್ಟೇನಿ. ಈಗ ಹಿಂದ ತಗೊಳ್ಳಾಕ ಬರಂಗಿಲ್ಲ. ಹೋಗು, ಆ ಟೋನಿಗೆ ಫೋನ್ ಮಾಡು."

ಅವನು ಬೇಲಿಯ ಹತ್ತಿರ ಹೋಗಿ ಫೋನ್ ಮಾಡುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಅಲ್ಲಿ ಗೆಳತಿಯರಿಬ್ಬರೇ ಇದ್ದರು. ತಾನು ಏನು ತಪ್ಪು ಮಾಡಿದೆನೆಂದು ಚಿನ್ಮಯಿ ಕೇಳಿದಳು. ಕೃಪಾ ಪಾತ್ರೆಯಲ್ಲಿ ಉಳಿದ ಮೊಸರನ್ನವನ್ನು ಡಬ್ಬಿಗೆ ತುಂಬುತ್ತ, ಆದ್ಯಾಳ ಕಾಗದದ ಕೊಳವಿಯಿಂದ ಹಿಡಿದು ತೊಂಬತ್ತೊಂಬತ್ತರವರೆಗೆ ಎಲ್ಲವನ್ನೂ ಹೇಳಿಬಿಟ್ಟಳು.

"ನೀ ನನ್ನ ಮ್ಯಾಲೆ ಹೊಟ್ಟಿಕಿಚ್ಚು ಪಡು, ಸಿಟ್ಟು ಮಾಡು, ಜಗಳಾಡು. ಕನಿಕರ ಪಡಬ್ಯಾಡ ಚಿನ್ಮಯಿ. ಅದೊಂದು ನನಗ ತಡಿಯಾಕ ಆಗಂಗಿಲ್ಲ."

ಚಿನ್ಮಯಿಗೆ ಆ ಕೊಳವಿ ನೆನಪೇ ಇರಲಿಲ್ಲ. ಅದನ್ನು ಹೇಳಿದ್ದಕ್ಕೆ ಕೃಪಾಳಿಗೆ ಇನ್ನಷ್ಟು ಉರಿಯಿತು. ಆಮೇಲೆ ಇಬ್ಬರೂ ನಕ್ಕರು.

ಜನವರಿಯಿಂದ ಕೃಪಾ ಬೇರೆಯೇ ಆದಳು ಎಂದರೆ ಸುಳ್ಳಾಗುತ್ತದೆ. ಮಗ ಕಿತ್ತಳೆ ಬಣ್ಣದ ಕೆಲಸದ ಅಂಗಿ ಹಾಕಿಕೊಂಡ ಫೋಟೋವನ್ನು ಗೊತ್ತಿದ್ದವರಿಗೆಲ್ಲ ಕಳಿಸಿದಳು, ಯಾರುಯಾರು ನೋಡಿಯೂ ಉತ್ತರಿಸಲಿಲ್ಲವೆಂಬುದನ್ನು ನೆನಪಿಟ್ಟಳು. ದ್ಯಾಮವ್ವನವರಿಗೆ ಮೊಮ್ಮಗ ಮೈಸ್ಟರ್ ಆಗಲಿದ್ದಾನೆಂದಳು. ರಾಣೆಬೆನ್ನೂರಿನಲ್ಲಿ ಮತ್ತೆ ಪೇಡೆ ಹಂಚಿದರು. ದರ್ಶನ್ ಊಟಕ್ಕೆ ಕೂತು ಚಮಚ ಜೋಡಿಸಿದರೆ ಅವಳೂ ಒಂದು ಚಮಚ ಕೊಡುತ್ತಿದ್ದಳು.

ಮರುವರ್ಷ ಕೃಪಾಳಿಗೆ ಕಾಯಿಲೆ ಬಂತು. ಬಂದದ್ದು ತಿಳಿಯುವ ಹೊತ್ತಿಗೆ ಬಹಳ ದೂರ ಹೋಗಿತ್ತು. ಚಿನ್ಮಯಿ ರಜೆ ಹಾಕಿ ಸಿಡ್ನಿಯಿಂದ ಬಂದು ಆಸ್ಪತ್ರೆಯ ಹಾಸಿಗೆಯ ಪಕ್ಕ ದಿನವೂ ಕೂತಳು. ಕೃಪಾ ಅವಳ ದಟ್ಟ ಕೂದಲಿಗೆ ಹೊಟ್ಟೆಕಿಚ್ಚುಪಟ್ಟಳು, ಅವಳು ತಿನ್ನುತ್ತಿದ್ದ ಬ್ರೆಡ್ಡಿಗೂ ಪಟ್ಟಳು. ಒಂದು ಸಂಜೆ ಹೇಳಿದಳು:

"ಅವ ಲೈಸೆನ್ಸ್ ತಗೊಳ್ಳೂದು ನೀ ನೋಡ್ತಿ. ನಾ ನೋಡಂಗಿಲ್ಲ. ಇದೊಂದಕ್ಕ ಮಾತ್ರ ನಿನ್ನ ಮ್ಯಾಲೆ ನನಗ ಭಾಳ ಹೊಟ್ಟಿಕಿಚ್ಚು ಐತಿ."

ನೀನೂ ನೋಡುತ್ತೀಯ ಎಂದು ಹೇಳಲು ಚಿನ್ಮಯಿ ಬಾಯಿ ತೆರೆದಳು. ಕೃಪಾ ಅವಳನ್ನು ನೋಡಿದ ರೀತಿಗೆ ಹೇಳಲಿಲ್ಲ.

ಅಷ್ಟರಲ್ಲಿ ದರ್ಶನ್ ಕೆಲಸದಿಂದ ನೇರ ಬಂದ. ಬೂಟಿನ ಮೇಲೆ ವಿಂಡಮ್ ವೇಲ್‌ನ ಮಣ್ಣು, ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್. ನರ್ಸ್ ಬೈದಾರೆಂದು ಬಾಗಿಲಲ್ಲೇ ನಿಂತು ಬೂಟು ಬಿಚ್ಚತೊಡಗಿದ. ಚಿನ್ಮಯಿಯ ಕುರ್ಚಿ ನಡುವೆ ಅಡ್ಡವಿತ್ತು.

"ಸ್ವಲ್ಪ ಸರಿಯವಾ," ಎಂದಳು ಕೃಪಾ. "ಇವತ್ತರ ನಾ ನೋಡ್ತೀನಿ."

ಚಿನ್ಮಯಿ ಕುರ್ಚಿಯನ್ನು ಗೋಡೆಯವರೆಗೂ ಎಳೆದುಕೊಂಡಳು.